ಇಂಗ್ಲಿಷ್ ಅಷ್ಟಾಗಿ ಬಾರದವರನ್ನು ಒಬ್ಬರೇ ವಿದೇಶಕ್ಕೆ ಕಳಿಸುವಾಗ: ನನ್ನ ಅನುಭವ

ಮೊದಲ ಸಲ ವಿಮಾನ ಹತ್ತುವವರ ಹೆದರಿಕೆಯನ್ನು ಕೆದಕಿ ನೋಡಿದರೆ ವಿಮಾನ ಬಿದ್ದೀತು ಅನ್ನುವ ಭಯ ಅದರಲ್ಲಿ ಸಣ್ಣ ಪಾಲು. ‘ಕೌಂಟರಿನಲ್ಲಿ ಏನೋ ಕೇಳ್ತಾರೆ, ನನಗೆ ಅರ್ಥ ಆಗಲ್ಲ, ಹಿಂದೆ ಸಾಲು ನಿಂತಿರುತ್ತೆ’ ಅನ್ನುವುದೇ ದೊಡ್ಡದು. ಹಾಗಾಗಿ ಹೊರಡುವ ಮುಂಚಿನ ವಾರದಲ್ಲಿ ಅವರಿಗೆ ಇಂಗ್ಲಿಷ್ ಕಲಿಸುವ ಗೋಜಿಗೆ ನಾನು ಹೋಗುವುದಿಲ್ಲ. ಬಾಯಿ ಬಿಡಲೇಬೇಕಾದ ಜಾಗಗಳನ್ನು ಆದಷ್ಟು ಕಡಿಮೆ ಮಾಡುತ್ತೇನೆ. ಉಳಿದ ಕಡೆಗೆ ಉತ್ತರವನ್ನು ಕಾಗದದಲ್ಲಿ ಬರೆದು ಕೈಗೆ ಕೊಡುತ್ತೇನೆ.

ಅರ್ಧ ಕೆಲಸ ಟಿಕೆಟ್ ತೆಗೆಯುವಾಗಲೇ ಮುಗಿಯುತ್ತದೆ. ನೇರ ವಿಮಾನ ಇದ್ದರೆ ಸ್ವಲ್ಪ ದುಬಾರಿಯಾದರೂ ಅದೇ ಇರಲಿ. ನಡುವೆ ಬದಲಾಯಿಸಲೇಬೇಕಾದರೆ ಇಡೀ ಪ್ರಯಾಣ ಒಂದೇ ಟಿಕೆಟ್, ಒಂದೇ ಪಿಎನ್‌ಆರ್‌ನಲ್ಲಿ ಇರಬೇಕು. ಎರಡು ಬೇರೆ ಟಿಕೆಟ್ ಜೋಡಿಸಿದರೆ ಹಣ ಉಳಿಯುವುದು ನಿಜ. ಆದರೆ ಬಹುಪಾಲು ಸಂದರ್ಭದಲ್ಲಿ ನಡುವಿನ ಊರಲ್ಲಿ ಇಮಿಗ್ರೇಷನ್ ದಾಟಿ ಹೊರಬಂದು, ಸೂಟ್‌ಕೇಸ್ ತೆಗೆದುಕೊಂಡು, ಮತ್ತೆ ಚೆಕ್-ಇನ್ ಮಾಡಬೇಕಾಗುತ್ತದೆ. ಅದಕ್ಕೆ ಆ ದೇಶದ ವೀಸಾ ಕೇಳಬಹುದು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಎರಡನೇ ಕಂಪನಿಗೆ ಅದರ ಹೊಣೆಯೇ ಇಲ್ಲ. ಬದಲಾವಣೆಗೆ ಮೂರರಿಂದ ನಾಲ್ಕು ಗಂಟೆ ಇಟ್ಟುಕೊಳ್ಳುತ್ತೇನೆ. ಒಂದೂವರೆ ಗಂಟೆ ಸಾಕು ಎಂದು ಬುಕಿಂಗ್ ಸೈಟ್ ಹೇಳುವುದು ದಾರಿ ಗೊತ್ತಿದ್ದು ಸರಸರ ನಡೆಯುವವರ ಲೆಕ್ಕದಲ್ಲಿ. ಟರ್ಮಿನಲ್ ಬದಲಾಗುವ ಟಿಕೆಟನ್ನೂ, ಆ ದಿನದ ಕೊನೆಯ ವಿಮಾನಕ್ಕೆ ಜೋಡಿಸಿದ ಟಿಕೆಟನ್ನೂ ನಾನು ಮುಟ್ಟುವುದಿಲ್ಲ. ಕೊನೆಯ ವಿಮಾನ ತಪ್ಪಿದರೆ ರಾತ್ರಿಯಿಡೀ ಗುರುತಿಲ್ಲದ ಊರಲ್ಲಿ ಕಳೆಯಬೇಕಾಗುತ್ತದೆ.

ಟಿಕೆಟ್‌ನಲ್ಲಿ ಹೆಸರು ಹಾಕುವಾಗ ಪಾಸ್‌ಪೋರ್ಟಿನ ಫೋಟೊ ಪುಟದ ಕೆಳಗಿರುವ ಎರಡು ಸಾಲು ನೋಡಿ. ಬಾಣದ ಗುರುತುಗಳು ತುಂಬಿರುವ, ತಲಾ 44 ಅಕ್ಷರದ ಆ ಸಾಲುಗಳನ್ನೇ ಯಂತ್ರ ಓದುವುದು. ಮನೆತನದ ಹೆಸರು ಯಾವುದು, ಸ್ವಂತ ಹೆಸರು ಯಾವುದು ಎಂಬುದು ಅಲ್ಲಿ ಸ್ಪಷ್ಟವಾಗಿರುತ್ತದೆ. ಮನೆತನದ ಹೆಸರಿನ ಜಾಗ ಖಾಲಿ ಇದ್ದರೆ ಊಹೆಯಿಂದ ತುಂಬಬೇಡಿ, ವಿಮಾನ ಕಂಪನಿಗೆ ಫೋನ್ ಮಾಡಿ ಕೇಳಿ. ಪಾಸ್‌ಪೋರ್ಟ್ ಅವಧಿಯನ್ನೂ ಆಗಲೇ ನೋಡಿಬಿಡಿ. ಒಳಗೆ ಬರುವ ದಿನಕ್ಕೆ ಇನ್ನೂ ಆರು ತಿಂಗಳು ಉಳಿದಿರಬೇಕು ಎನ್ನುವ ದೇಶಗಳು ಬಹಳ.

ಇನ್ನು ಸಹಾಯ ಕೇಳುವ ವಿಷಯ. ವೀಲ್‌ಚೇರ್ ಅಂದರೆ ಎಲ್ಲರಿಗೂ ಗೊತ್ತು, ‘ಮೀಟ್ ಆ್ಯಂಡ್ ಅಸಿಸ್ಟ್’ ಅನ್ನುವುದು ಗೊತ್ತಿಲ್ಲ. ಇದರಲ್ಲಿ ಸಿಬ್ಬಂದಿಯೊಬ್ಬರು ಜೊತೆಗೆ ನಡೆದು ಗೇಟಿನವರೆಗೆ ಬಿಡುತ್ತಾರೆ. ಕೆಲವು ಕಂಪನಿಗಳು ಇದನ್ನು ಉಚಿತವಾಗಿ ಕೊಡುತ್ತವೆ, ಕೆಲವು ಕಡೆ ಹಣ ಕೊಡಬೇಕು, ಕೆಲವು ಕಡೆ ಇಲ್ಲವೇ ಇಲ್ಲ. ಚೆನ್ನಾಗಿ ನಡೆಯಬಲ್ಲವರಿಗೆ ಮೊದಲು ಇದನ್ನೇ ಕೇಳಿ. ಭಾಷೆ ಬಾರದು ಅನ್ನುವ ಒಂದೇ ಕಾರಣಕ್ಕೆ ವೀಲ್‌ಚೇರ್ ಹಾಕಿಸಿದರೆ ನಿಜಕ್ಕೂ ನಡೆಯಲಾಗದವರು ಕಾಯುತ್ತ ಕೂರಬೇಕಾಗುತ್ತದೆ. ಆದರೆ ದೊಡ್ಡ ನಿಲ್ದಾಣಗಳಲ್ಲಿ ಒಂದೆರಡು ಕಿಲೋಮೀಟರ್ ನಡೆಯಬೇಕಾಗಿ ಬರಬಹುದು. ಮೊಣಕಾಲು ನೋವಿರುವವರು ವೀಲ್‌ಚೇರ್ ಕೇಳಲು ಸಂಕೋಚಪಡುವ ಅಗತ್ಯವಿಲ್ಲ. ಕನಿಷ್ಠ 48 ಗಂಟೆ ಮೊದಲು ಹೇಳಬೇಕು. ಮೆಟ್ಟಿಲು ಹತ್ತಬಲ್ಲರೇ, ಹತ್ತಲಾರರೇ, ಸೀಟಿನವರೆಗೂ ಎತ್ತಿಕೊಂಡೇ ಹೋಗಬೇಕೇ ಎಂದು ಮೂರು ದರ್ಜೆ ಕೇಳುತ್ತಾರೆ, ಇದ್ದದ್ದನ್ನೇ ಹೇಳಿ. ಕೋರಿಕೆ ಎಲ್ಲ ವಿಮಾನಗಳಿಗೂ ದಾಖಲಾಗಿದೆಯೇ ಎಂದು ಒಂದೊಂದನ್ನೂ ಹೆಸರಿಸಿ ಕೇಳಿ. ಮೊದಲನೆಯದಕ್ಕೆ ಮಾತ್ರ ದಾಖಲಾಗಿ ಎರಡನೆಯದಕ್ಕೆ ಬಿಟ್ಟುಹೋಗುವುದು ಇದರಲ್ಲಿ ಪದೇಪದೇ ಆಗುವ ಎಡವಟ್ಟು.

ವೀಲ್‌ಚೇರ್ ಪಡೆದವರು ತೊಂದರೆಗೆ ಸಿಗುವುದು ಕಾಯುವ ಜಾಗದಲ್ಲಿ. ಸಹಾಯಕರು ಒಂದು ಮೂಲೆಯಲ್ಲಿ ಕೂರಿಸಿ ಬೇರೆಯವರನ್ನು ಕರೆತರಲು ಹೋಗುತ್ತಾರೆ. ಅರ್ಧ ಗಂಟೆ ಯಾರೂ ಬಾರದಿದ್ದರೆ ಇವರು ‘ಮರೆತೇಬಿಟ್ರು’ ಎಂದು ಎದ್ದು ಹೊರಟುಬಿಡುತ್ತಾರೆ. ಆಮೇಲೆ ಸಹಾಯಕರು ಬಂದಾಗ ಕುರ್ಚಿ ಖಾಲಿ. ಎದ್ದು ಹೋಗಬೇಡಿ, ವಿಮಾನಕ್ಕೆ ಒಂದು ಗಂಟೆ ಇದೆ ಅನ್ನುವಾಗ ಹತ್ತಿರದ ಸಮವಸ್ತ್ರದವರಿಗೆ ಬೋರ್ಡಿಂಗ್ ಪಾಸ್ ತೋರಿಸಿ ಎಂದು ನಾನು ಹೇಳಿಕೊಡುತ್ತೇನೆ. ಸಹಾಯಕರು ಪಾಸ್‌ಪೋರ್ಟನ್ನು ತಾವೇ ಕೌಂಟರಿಗೆ ಕೊಡುವುದು ಮಾಮೂಲಿ. ಅದಕ್ಕೆ ಗಾಬರಿಯಾಗಬೇಕಿಲ್ಲ, ಆದರೆ ಅದು ಕೈಗೆ ವಾಪಸ್ ಬರದೆ ಅಲ್ಲಿಂದ ಕದಲಬಾರದು. ಪಾಸ್‌ಪೋರ್ಟ್, ಬೋರ್ಡಿಂಗ್ ಪಾಸ್, ಫೋನ್ ಈ ಮೂರನ್ನು ಪ್ರತಿ ಕೌಂಟರ್ ಬಿಡುವಾಗ ಬೆರಳು ಮಡಿಸಿ ಎಣಿಸುವ ಅಭ್ಯಾಸವನ್ನು ಮನೆಯಲ್ಲೇ ಮಾಡಿಸುತ್ತೇನೆ.

ಈಗ ಫೈಲ್. ಪಾರದರ್ಶಕ ಹಾಳೆಗಳಿರುವ ತೆಳುವಾದ ಒಂದು ಫೋಲ್ಡರ್ ಸಾಕು. ಅದರ ಪುಟಗಳು ಅವರು ದಾಟುವ ಕೌಂಟರುಗಳ ಕ್ರಮದಲ್ಲೇ ಇರಬೇಕು: ಚೆಕ್-ಇನ್, ಇಮಿಗ್ರೇಷನ್, ಸೆಕ್ಯುರಿಟಿ, ಗೇಟ್, ವಿಮಾನ ಬದಲಾಯಿಸುವ ಊರು, ತಲುಪುವ ಊರಿನ ಇಮಿಗ್ರೇಷನ್, ಲಗೇಜ್, ಹೊರಬಾಗಿಲು. ಇಮಿಗ್ರೇಷನ್, ಸೆಕ್ಯುರಿಟಿ ಇವೆರಡು ಕೆಲವು ನಿಲ್ದಾಣಗಳಲ್ಲಿ ಅದಲುಬದಲಾಗುತ್ತವೆ, ಮೊದಲೇ ವಿಚಾರಿಸಿಕೊಳ್ಳಿ. ಒಂದೊಂದು ಪುಟದ ಮೇಲರ್ಧ ಕನ್ನಡದಲ್ಲಿ: ಇದು ಯಾವ ಜಾಗ, ಇಲ್ಲಿ ಏನು ಕೊಡಬೇಕು, ಏನು ವಾಪಸ್ ಪಡೆಯಬೇಕು. ಕೆಳಗರ್ಧ ಇಂಗ್ಲಿಷ್‌ನಲ್ಲಿ, ಸಿಬ್ಬಂದಿಗೆ ತೋರಿಸಲು. ಅಕ್ಷರ 16 ಪಾಯಿಂಟ್‌ಗಿಂತ ಸಣ್ಣದು ಬೇಡ, ಕನ್ನಡಕ ಹುಡುಕುವ ಹೊತ್ತು ಅದಲ್ಲ. ವಿಮಾನ ಬದಲಾಯಿಸುವ ಊರಿನ ಪುಟದಲ್ಲಿ ನಾನು ಹಾಕುವುದು ಇಷ್ಟು: ‘ನನಗೆ ಕನ್ನಡ ಮಾತ್ರ ಚೆನ್ನಾಗಿ ಬರುತ್ತದೆ. ಒಬ್ಬರೇ ಪ್ರಯಾಣಿಸುತ್ತಿದ್ದೇನೆ. ನನ್ನ ಮುಂದಿನ ವಿಮಾನ ಇದು. ದಯವಿಟ್ಟು ಗೇಟಿನ ದಾರಿ ತೋರಿಸಿ.’ ಕೆಳಗೆ ವಿಮಾನದ ಸಂಖ್ಯೆ, ದಿನಾಂಕ, ಹೊರಡುವ ವೇಳೆ. ಗೇಟ್ ಸಂಖ್ಯೆಯನ್ನು ಮುದ್ರಿಸಲೇಬೇಡಿ, ಅದು ಕೊನೆಯ ಗಳಿಗೆಯಲ್ಲೂ ಬದಲಾಗುತ್ತದೆ. ಕಾಗದದಲ್ಲಿದ್ದದ್ದೇ ಸರಿ ಎಂದು ಇವರು ಹಳೆಯ ಗೇಟಿನಲ್ಲೇ ಕೂತಿರುತ್ತಾರೆ.

ವೇಳೆ ಬರೆಯುವಾಗಲೂ ಎಚ್ಚರ. ಟಿಕೆಟ್‌ನಲ್ಲಿರುವುದು ಆಯಾ ಊರಿನ ಸ್ಥಳೀಯ ವೇಳೆ. ಫೋನ್ ಹೊಸ ವೇಳೆಗೆ ತಾನಾಗಿ ಬದಲಾಗಿ, ಕೈಗಡಿಯಾರ ಮನೆಯ ವೇಳೆಯನ್ನೇ ತೋರಿಸುತ್ತಿದ್ದರೆ ಯಾವುದನ್ನು ನಂಬುವುದು? ಎರಡನ್ನೂ ಬಿಟ್ಟು ನಿಲ್ದಾಣದ ಪರದೆಯ ಮೇಲಿನ ಗಡಿಯಾರ ನೋಡಿ ಎಂದು ಹೇಳಿಕೊಟ್ಟರೆ ಗೊಂದಲವಿಲ್ಲ. ಬೋರ್ಡಿಂಗ್ ಪಾಸಿನಲ್ಲಿ ಎರಡು ವೇಳೆ ಇದ್ದರೆ ಮೊದಲಿನದನ್ನೇ, ಅಂದರೆ ಹತ್ತಲು ಶುರುವಾಗುವ ವೇಳೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು. ಹೊರಡುವ ವೇಳೆಗೆ 15-20 ನಿಮಿಷ ಇರುವಾಗಲೇ ಸಾಮಾನ್ಯವಾಗಿ ಗೇಟ್ ಮುಚ್ಚುತ್ತಾರೆ. ಸೀಟ್ ಸಂಖ್ಯೆಯನ್ನು ಗೇಟ್ ಸಂಖ್ಯೆ ಎಂದುಕೊಳ್ಳುವುದೂ ಉಂಟು. ಹಳೆಯ ಬೋರ್ಡಿಂಗ್ ಪಾಸೊಂದರ ಪ್ರತಿಯನ್ನು ಮುಂದಿಟ್ಟುಕೊಂಡು ಯಾವುದು ಯಾವುದೆಂದು ಅವರಿಂದಲೇ ಪೆನ್ನಿನಲ್ಲಿ ಸುತ್ತು ಹಾಕಿಸಿ.

ಪರದೆಯಲ್ಲಿ ಊರಿನ ಹೆಸರು ಹುಡುಕಬೇಡಿ, ವಿಮಾನದ ಸಂಖ್ಯೆ ಹುಡುಕಿ ಎಂದು ಒತ್ತಿ ಹೇಳುತ್ತೇನೆ. ಒಂದೇ ಊರಿಗೆ ಅರ್ಧ ಗಂಟೆಯ ಅಂತರದಲ್ಲಿ ಎರಡು ವಿಮಾನ ಇರಬಹುದು. ಒಂದೇ ವಿಮಾನವನ್ನು ಎರಡು ಮೂರು ಕಂಪನಿಗಳು ತಮ್ಮ ತಮ್ಮ ಸಂಖ್ಯೆಯಲ್ಲಿ ಮಾರಿದ್ದರೆ ಪರದೆಯ ಆ ಸಾಲಿನಲ್ಲಿ ಸಂಖ್ಯೆಗಳು ಒಂದಾದ ಮೇಲೊಂದು ಬದಲಾಗುತ್ತಿರುತ್ತವೆ, ಊರಿನ ಹೆಸರೂ ಒಮ್ಮೆ ಸ್ಥಳೀಯ ಲಿಪಿಯಲ್ಲಿ, ಒಮ್ಮೆ ಇಂಗ್ಲಿಷ್‌ನಲ್ಲಿ ಬರುತ್ತದೆ. ಕಾಣಲಿಲ್ಲವೆಂದರೆ ಒಂದು ನಿಮಿಷ ಅಲ್ಲೇ ನಿಂತು ಕಾದರೆ ಬಂದೇ ಬರುತ್ತದೆ. ಈಗ ಎಷ್ಟೋ ನಿಲ್ದಾಣಗಳಲ್ಲಿ ಮೈಕಿನಲ್ಲಿ ಕೂಗಿ ಕರೆಯುವುದನ್ನೇ ನಿಲ್ಲಿಸಿದ್ದಾರೆ, ‘ಕರೆದಾಗ ಏಳೋಣ’ ಎಂದು ಕೂತರೆ ವಿಮಾನ ಹೋಗಿಬಿಡುತ್ತದೆ.

ಇಡೀ ಪ್ರಯಾಣದಲ್ಲಿ ಕೈತಪ್ಪುವ ಜಾಗ ಒಂದಿದ್ದರೆ ಅದು ನಡುವಿನ ಊರಲ್ಲಿ ವಿಮಾನದಿಂದ ಇಳಿದ ಮೊದಲ ಐದು ನಿಮಿಷ. ಕಾರಿಡಾರ್ ಎಲ್ಲೋ ಒಂದು ಕಡೆ ಎರಡಾಗಿ ಒಡೆಯುತ್ತದೆ. ಒಂದು ಕವಲಿನ ಫಲಕದಲ್ಲಿ ಸೂಟ್‌ಕೇಸಿನ ಚಿತ್ರ, ಜೊತೆಗೆ ‘ಅರೈವಲ್ಸ್’ ಅಥವಾ ‘ಬ್ಯಾಗೇಜ್ ಕ್ಲೇಮ್’. ಇನ್ನೊಂದರಲ್ಲಿ ವಿಮಾನದ ಚಿತ್ರ, ‘ಟ್ರಾನ್ಸ್‌ಫರ್’ ಅಥವಾ ‘ಕನೆಕ್ಟಿಂಗ್ ಫ್ಲೈಟ್ಸ್’. ಜೊತೆಯಲ್ಲಿ ಇಳಿದವರ ಹಿಂದೆ ಹೋದರೆ ಅವರು ಆ ಊರಿನವರೇ ಆಗಿದ್ದು, ಇವರೂ ಇಮಿಗ್ರೇಷನ್ ಸಾಲಿನಲ್ಲಿ ನಿಂತುಬಿಡುತ್ತಾರೆ. ಹೊತ್ತು ಹೋಗುತ್ತದೆ, ಅಧಿಕಾರಿ ವೀಸಾ ಕೇಳುತ್ತಾರೆ, ಗಾಬರಿ ಶುರುವಾಗುತ್ತದೆ. ಅದಕ್ಕೇ ಈ ನಾಲ್ಕೈದು ಪದಗಳನ್ನು ಓದಲು ಬಾರದವರಿಗೂ ಆಕಾರದಿಂದ ಗುರುತಿಸುವಂತೆ ಮಾಡುತ್ತೇನೆ. ದಪ್ಪ ಅಕ್ಷರದಲ್ಲಿ ಮುದ್ರಿಸಿ, ಅಡುಗೆಮನೆಯ ಗೋಡೆಗೆ ಒಂದು ವಾರ ಅಂಟಿಸಿದರೆ ಸಾಕು. ಬಾಲ ಕೆಳಗೆ ಮಾಡಿ ಮೇಲೇರುವ ವಿಮಾನ ಅಂದರೆ ನಿರ್ಗಮನ, ಮೂಗು ಕೆಳಗೆ ಮಾಡಿದ್ದು ಆಗಮನ. ಅನುಮಾನ ಬಂದ ಕಡೆ ಗೋಡೆಗೆ ಸರಿದು ನಿಂತು, ಸಮವಸ್ತ್ರದವರಿಗೆ ಫೈಲಿನ ಆ ಪುಟ ತೋರಿಸಬೇಕು. ಟ್ರಾನ್ಸ್‌ಫರ್ ದಾರಿಯಲ್ಲೂ ಇನ್ನೊಮ್ಮೆ ಸೆಕ್ಯುರಿಟಿ ತಪಾಸಣೆ ಇರುತ್ತದೆ ಎಂದು ಮೊದಲೇ ಹೇಳಿರಿ, ಇಲ್ಲದಿದ್ದರೆ ‘ಯಾಕೆ ನನ್ನನ್ನೇ ಹಿಡಿದ್ರು’ ಅನಿಸುತ್ತದೆ.

ಅಮೆರಿಕದ ವಿಷಯ ಬೇರೆ. ಅಲ್ಲಿ ಮೊದಲು ಇಳಿಯುವ ಊರಲ್ಲೇ ಇಮಿಗ್ರೇಷನ್ ಮುಗಿಸಿ, ಸಾಮಾನ್ಯವಾಗಿ ಸೂಟ್‌ಕೇಸ್ ತೆಗೆದುಕೊಂಡು ಕಸ್ಟಮ್ಸ್ ದಾಟಿ, ಮುಂದಿನ ವಿಮಾನಕ್ಕೆ ಅದನ್ನು ಮತ್ತೆ ಕೊಡಬೇಕು. ಟ್ಯಾಗಿನಲ್ಲಿ ಕೊನೆಯ ಊರಿನ ಹೆಸರಿದ್ದರೂ ಹೀಗೇ. ಇದಕ್ಕೆ ಫೈಲಿನಲ್ಲಿ ಒಂದು ಪುಟ ಹೆಚ್ಚು ಬೇಕು, ಹೊತ್ತೂ ಹೆಚ್ಚು ಬೇಕು.

ಚೆಕ್-ಇನ್ ಕೌಂಟರಿನವರೆಗೆ ಜೊತೆಗೆ ಹೋಗಲು ಬಿಟ್ಟರೆ ನೀವು ನೋಡಬೇಕಾದದ್ದು ಒಂದೇ: ಸೂಟ್‌ಕೇಸಿಗೆ ಕಟ್ಟಿದ ಟ್ಯಾಗಿನಲ್ಲಿ ದೊಡ್ಡದಾಗಿ ಮುದ್ರಿತವಾದ ಮೂರಕ್ಷರದ ನಿಲ್ದಾಣದ ಕೋಡ್ ಕೊನೆಯ ಊರಿನದೇ ತಾನೇ? ಟ್ಯಾಗಿನ ಹತ್ತು ಅಂಕಿಯ ಚೀಟಿ ಕೊಡುತ್ತಾರೆ, ಅದರ ಫೋಟೊ ತೆಗೆದುಕೊಳ್ಳಿ. ಸೂಟ್‌ಕೇಸಿನ ಬಣ್ಣ ಕಾಣುವ ಒಂದು ಫೋಟೊ ಫೈಲಿಗೆ. ಲಗೇಜ್ ಬಾರದಿದ್ದರೆ ಹೊರಗೆ ಬರುವ ಮೊದಲೇ, ಅದೇ ಹಾಲಿನಲ್ಲಿರುವ ಬ್ಯಾಗೇಜ್ ಕೌಂಟರಿಗೆ ಈ ಎರಡನ್ನೂ ತೋರಿಸಿ ದೂರಿನ ಸಂಖ್ಯೆ ಪಡೆಯಬೇಕು.

ಹ್ಯಾಂಡ್ ಬ್ಯಾಗಿನಲ್ಲಿ ದ್ರವದ ಡಬ್ಬಿ 100 ಮಿಲಿಲೀಟರ್ ಮೀರಬಾರದು ಅನ್ನುವುದು ಡಬ್ಬಿಯ ಅಳತೆ. 200ರ ಬಾಟಲಿಯ ತಳದಲ್ಲಿ ಸ್ವಲ್ಪವೇ ಇದ್ದರೂ ತೆಗೆಸುತ್ತಾರೆ. ಕೆಲವು ನಿಲ್ದಾಣಗಳು ಈಚೆಗೆ ಇದನ್ನು ಸಡಿಲಿಸಿದ್ದರೂ ಕಟ್ಟುನಿಟ್ಟಾದ ಲೆಕ್ಕವನ್ನೇ ಇಟ್ಟುಕೊಳ್ಳಿ. ಪವರ್ ಬ್ಯಾಂಕ್ ಸೂಟ್‌ಕೇಸಿಗೆ ಹಾಕುವಂತೆಯೇ ಇಲ್ಲ, ಕೈಯಲ್ಲೇ ಇರಬೇಕು, ಅದೂ 100 ವ್ಯಾಟ್-ಅವರ್ ಒಳಗೆ. 20,000 ಎಂಎಎಚ್ ಅಂದರೆ ಸುಮಾರು 74, ತೊಂದರೆಯಿಲ್ಲ. ಮಾತ್ರೆಗಳು ಮೂಲ ಸ್ಟ್ರಿಪ್ಪಿನಲ್ಲೇ, ವೈದ್ಯರ ಚೀಟಿಯೊಂದಿಗೆ, ಹ್ಯಾಂಡ್ ಬ್ಯಾಗಿನಲ್ಲಿ. ಹೆದರುವವರಿಗೆ ನಿದ್ದೆ ಮಾತ್ರೆ ಕೊಟ್ಟು ಕಳಿಸುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಮಂಪರಿನಲ್ಲಿ ಇಳಿದವರು ಆ ಕವಲಿನಲ್ಲಿ ಫಲಕ ಓದುವುದಾದರೂ ಹೇಗೆ?

ವಿಮಾನದೊಳಗಿನ ಭಯಕ್ಕೆ ಮದ್ದು, ಯಾವ ಸದ್ದು ಯಾವಾಗ ಬರುತ್ತದೆ ಎಂದು ಮೊದಲೇ ತಿಳಿದಿರುವುದು. ನೆಲ ಬಿಟ್ಟ ಕೆಲವೇ ಕ್ಷಣಕ್ಕೆ ಕೆಳಗೆ ಧಡ್ ಅನ್ನುತ್ತದೆ, ಚಕ್ರ ಒಳಗೆ ಮಡಿಸಿಕೊಂಡದ್ದು. ಸ್ವಲ್ಪ ಹೊತ್ತಿಗೆ ಎಂಜಿನ್ನಿನ ಸದ್ದು ತಗ್ಗಿ ವಿಮಾನ ಇಳಿಯಿತೇನೋ ಅನಿಸುತ್ತದೆ, ಮೇಲೇರಲು ಬೇಕಿದ್ದ ಪೂರ್ತಿ ಬಲವನ್ನು ಪೈಲಟ್ ತಗ್ಗಿಸಿದ್ದು ಅಷ್ಟೇ. ಇಳಿಯುವಾಗ ರೆಕ್ಕೆಯ ಕಡೆಯಿಂದ ಕೀಂಯ್ ಎನ್ನುವುದು ಫ್ಲ್ಯಾಪ್ ಹೊರಬರುವುದು. ಕಿವಿ ಕಟ್ಟುವುದು ಇಳಿಯುವಾಗಲೇ ಹೆಚ್ಚು. ಆಗ ಎಚ್ಚರವಿದ್ದು ಪದೇಪದೇ ಎಂಜಲು ನುಂಗಬೇಕು, ಆಕಳಿಸಬೇಕು. ಶೌಚಾಲಯದ ಬಾಗಿಲು ಎಷ್ಟೋ ವಿಮಾನಗಳಲ್ಲಿ ನಡುವೆ ಒತ್ತಿದರೆ ಒಳಕ್ಕೆ ಮಡಿಸಿಕೊಳ್ಳುತ್ತದೆ. ಚಿಲಕ ಪೂರ್ತಿ ಸರಿಸಿದ ಮೇಲೆಯೇ ಒಳಗೆ ದೊಡ್ಡ ದೀಪ ಹತ್ತುವುದು. ಇದು ಗೊತ್ತಿಲ್ಲದೆ ಅರೆಗತ್ತಲಲ್ಲಿ ಕೂತು, ಬಾಗಿಲು ಯಾರಾದರೂ ತೆಗೆದಾರೆಂದು ಹೆದರಿ, ಆಮೇಲೆ ಪ್ರಯಾಣವಿಡೀ ನೀರೇ ಕುಡಿಯದವರಿದ್ದಾರೆ.

ಆಗಮನದ ಅರ್ಜಿಯನ್ನು (ಅರೈವಲ್ ಕಾರ್ಡ್) ಮನೆಯಲ್ಲೇ ತುಂಬಿಬಿಡಿ. ಸಿಂಗಪುರ, ಮಲೇಷ್ಯಾ, ಥಾಯ್ಲೆಂಡ್ ಮುಂತಾದ ದೇಶಗಳಿಗೆ ಅದು ಆನ್‌ಲೈನ್‌ನಲ್ಲಿ, ತಲುಪುವ ಮುಂಚಿನ ಮೂರು ದಿನದೊಳಗೆ. ಸರ್ಕಾರದ ಸೈಟಿನಲ್ಲಿ ಇದು ಉಚಿತ. ಹಣ ಕೇಳಿದರೆ ನೀವು ಬೇರೆ ಸೈಟಿನಲ್ಲಿದ್ದೀರಿ ಎಂದರ್ಥ.

ಇಮಿಗ್ರೇಷನ್‌ನಲ್ಲಿ ಕೇಳುವುದು ಬಹುತೇಕ ನಾಲ್ಕೇ: ಯಾಕೆ ಬಂದಿರಿ, ಎಷ್ಟು ದಿನ, ಎಲ್ಲಿ ಇರುತ್ತೀರಿ, ವಾಪಸ್ ಯಾವಾಗ. ಉತ್ತರ ಫೈಲಿನಲ್ಲಿರಲಿ, ಜೊತೆಗೆ ಕರೆಸಿಕೊಂಡವರ ಪತ್ರ, ವಿಳಾಸ, ವಾಪಸ್ ಟಿಕೆಟ್. ವೀಸಾ ಅರ್ಜಿಯಲ್ಲಿ ಬರೆದದ್ದಕ್ಕೂ ಇಲ್ಲಿ ಹೇಳುವುದಕ್ಕೂ ವ್ಯತ್ಯಾಸ ಇರಕೂಡದು. ನಾನು ಎಲ್ಲಕ್ಕಿಂತ ಹೆಚ್ಚು ಅಭ್ಯಾಸ ಮಾಡಿಸುವುದು, ಅರ್ಥವಾಗದ ಪ್ರಶ್ನೆಗೆ ತಲೆಯಾಡಿಸದೇ ಇರುವುದನ್ನು. ಮರ್ಯಾದೆಗೆಂದು ‘ಎಸ್, ಎಸ್’ ಅನ್ನುವುದು ನಮ್ಮವರಿಗೆ ರೂಢಿ. ‘ಇಲ್ಲಿ ಕೆಲಸ ಮಾಡ್ತೀರಾ’ ಅನ್ನುವ ಪ್ರಶ್ನೆಗೆ ಎಸ್ ಅಂದರೆ ಒಳಗಿನ ಕೋಣೆಗೆ ಕರೆದೊಯ್ಯುತ್ತಾರೆ. ಮೇಜಿನ ಆಚೆ ನಾನು ಅಧಿಕಾರಿಯಾಗಿ ಕೂತು, ಬೇಕೆಂದೇ ಗಡಿಬಿಡಿಯಲ್ಲಿ ಇಂಗ್ಲಿಷ್ ಮಾತಾಡುತ್ತೇನೆ. ಅವರು ‘ನೋ ಇಂಗ್ಲಿಷ್, ಕನ್ನಡ, ಇಂಟರ್‌ಪ್ರಿಟರ್ ಪ್ಲೀಸ್’ ಎಂದು ಫೈಲ್ ಮುಂದೆ ಚಾಚುವವರೆಗೆ ಬಿಡುವುದಿಲ್ಲ. ನಾಲ್ಕನೇ ಸಲಕ್ಕೆ ನಗು ಬರುತ್ತದೆ, ನಗು ಬಂತೆಂದರೆ ಭಯ ಅರ್ಧ ಇಳಿದಂತೆ.

ಫೋನನ್ನು ನೆಚ್ಚಿಕೊಳ್ಳಬೇಡಿ. ಎಷ್ಟೋ ನಿಲ್ದಾಣಗಳ ವೈಫೈ ಒಟಿಪಿ ಕೇಳುತ್ತದೆ, ರೋಮಿಂಗ್ ಇಲ್ಲದ ಸಿಮ್‌ಗೆ ಒಟಿಪಿ ಬರುವುದಿಲ್ಲ. ರೋಮಿಂಗ್ ಹಾಕಿಸಿ, ಏರ್‌ಪ್ಲೇನ್ ಮೋಡ್ ತೆಗೆಯುವುದನ್ನು ಹತ್ತು ಸಲ ಮಾಡಿಸಿ, ಅನುವಾದದ ಆ್ಯಪ್‌ನಲ್ಲಿ ಕನ್ನಡವನ್ನು ಆಫ್‌ಲೈನ್‌ಗೆ ಇಳಿಸಿಡಿ. ಅಷ್ಟಾದ ಮೇಲೂ ಫೋನ್ ನಂಬರುಗಳು ದೇಶದ ಕೋಡಿನೊಂದಿಗೆ ಕಾಗದದಲ್ಲಿರಲಿ. ಕರೆದೊಯ್ಯಲು ಬರುವವರಿಗೂ ಒಂದು ಮಾತು: ವಿಮಾನ ಇಳಿದು ಒಂದೂವರೆ, ಎರಡು ಗಂಟೆಯವರೆಗೆ ಫೋನ್ ಬಾರದಿದ್ದರೆ ಅದು ಸಹಜ, ಮೇಲಿಂದ ಮೇಲೆ ಕರೆ ಮಾಡಿ ಇಮಿಗ್ರೇಷನ್ ಸಾಲಿನಲ್ಲಿರುವವರನ್ನು ಕಂಗೆಡಿಸಬೇಡಿ. ಹೊರಬಾಗಿಲು ಎರಡಿರುವ ನಿಲ್ದಾಣಗಳಿವೆ. ಆದ್ದರಿಂದ ‘ಹೊರಗೆ ಬಂದ ಕಡೆಯೇ ನಿಲ್ಲಿ, ಹುಡುಕುತ್ತ ತಿರುಗಬೇಡಿ, ಹುಡುಕುವ ಕೆಲಸ ನನ್ನದು’ ಎಂದು ಒಪ್ಪಂದ ಮಾಡಿಕೊಂಡಿರಿ.

ವಾಪಸ್ ಬರುವ ಪ್ರಯಾಣಕ್ಕೆ ಬೇರೆ ಬಣ್ಣದ ಎರಡನೇ ಫೈಲನ್ನು ಹೋಗುವ ಮೊದಲೇ ಮಾಡಿ ಸೂಟ್‌ಕೇಸಿಗೆ ಹಾಕುತ್ತೇನೆ. ವಿಮಾನದ ಸಂಖ್ಯೆ, ಬದಲಾಯಿಸುವ ಊರು, ಕೌಂಟರುಗಳ ಕ್ರಮ ಎಲ್ಲವೂ ಬೇರೆಯಾಗಿರುತ್ತದೆ, ಹಳೆಯದನ್ನೇ ತಿರುಗಿಸಿ ಬಳಸಿದರೆ ತಪ್ಪು ಪುಟ ತೋರಿಸುತ್ತಾರೆ. ವೀಲ್‌ಚೇರ್ ಅಥವಾ ಜೊತೆ ನಡೆಯುವವರ ಕೋರಿಕೆ ವಾಪಸ್ ವಿಮಾನಗಳಿಗೂ ಇದೆಯೇ ಎಂದು ಹೊರಡುವ ಮೂರು ದಿನ ಮುಂಚೆ ಅಲ್ಲಿರುವವರು ಇನ್ನೊಮ್ಮೆ ಫೋನ್ ಮಾಡಿ ಕೇಳಬೇಕು. ಟಿಕೆಟ್ ದಿನಾಂಕ ಬದಲಿಸಿದ್ದರಂತೂ ಆ ಕೋರಿಕೆ ಅಳಿಸಿಹೋಗಿರುತ್ತದೆ ಎಂದೇ ತಿಳಿದು ಹೊಸದಾಗಿ ಹಾಕಿಸಿ.