ಕನ್ನಡ ವೆಬ್‌ಸೈಟಿಗೆ ಟೂಲ್ ಆರಿಸಿದ ಬಗೆ: ಆರು ಪದಗಳ ಪರೀಕ್ಷೆ

ಕೆಲಸ ಇಷ್ಟು: ಸುಮಾರು 600 ಲೇಖನಗಳಿರುವ ಒಂದು ಸಣ್ಣ ಕನ್ನಡ ಪತ್ರಿಕೆಯ ಸೈಟನ್ನು ಹೊಸದಾಗಿ ಕಟ್ಟುವುದು. ಹಳೆಯ ಲೇಖನಗಳಲ್ಲಿ ಹೆಚ್ಚಿನವು ನುಡಿ ಫಾಂಟಿನ ವರ್ಡ್ ಫೈಲುಗಳು. ಹೊಸದನ್ನು ಹಾಕುವವರು ಮೂವರು, ಅವರಲ್ಲಿ ಇಬ್ಬರು ಫೋನಿನಲ್ಲೇ ಬರೆಯುವವರು. ಓದುಗರು ಹೆಚ್ಚಾಗಿ ವಾಟ್ಸ್‌ಆ್ಯಪ್ ಲಿಂಕ್ ಹಿಡಿದು ಬರುತ್ತಾರೆ.

ಟೂಲ್‌ಗಳ ಜಾಹೀರಾತಿನಲ್ಲಿರುವ ಸೌಲಭ್ಯಗಳ ಪಟ್ಟಿ ಇಂಥ ಕೆಲಸಕ್ಕೆ ದಾರಿ ತೋರಿಸುವುದಿಲ್ಲ. ಆ ಪಟ್ಟಿ ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ನಾನು ಮೊದಲು ಮಾಡಿಕೊಂಡದ್ದು ಒಂದು ಸಾದಾ ಟೆಕ್ಸ್ಟ್ ಫೈಲು. ಅದರಲ್ಲಿ ಆರು ಪದ: ರಾಷ್ಟ್ರ, ಸ್ತ್ರೀ, ಸೂರ್ಯ, ಕೃತಜ್ಞತೆ, ರ‍್ಯಾಂಕ್, ಸಾಫ್ಟ್‌ವೇರ್. ರಾಷ್ಟ್ರದಲ್ಲಿ ಒಂದೇ ಅಕ್ಷರಕ್ಕೆ ಎರಡು ಒತ್ತು, ಸ್ತ್ರೀಯಲ್ಲಿ ಎರಡು ಒತ್ತಿನ ಜೊತೆಗೆ ದೀರ್ಘ, ಸೂರ್ಯದಲ್ಲಿ ಅರ್ಕಾವತ್ತು, ಕೃತಜ್ಞತೆಯಲ್ಲಿ ವಟ್ರಸುಳಿಯೂ ಜ್ಞ ಕೂಡ. ರ‍್ಯಾಂಕ್ ಅರ್ಕಾವತ್ತಾಗದೆ ಯ ಒತ್ತಾಗಿಯೇ ಉಳಿಯಬೇಕಾದರೆ ರ ಆದಮೇಲೆ ಕಣ್ಣಿಗೆ ಕಾಣದ ಒಂದು ಜೋಡಕ ಬೇಕು. ಸಾಫ್ಟ್‌ವೇರ್‌ನಲ್ಲಿ ಟ್ ಮತ್ತು ವೇ ಅಂಟದಿರಲು ಕಾಣದ ಒಂದು ಬಿಡಿಸುವ ಗುರುತು ಬೇಕು. ಟೂಲ್ ಯಾವುದೇ ಇರಲಿ, ಈ ಸಾಲನ್ನು ಅಂಟಿಸುವುದು, ಸೇವ್ ಮಾಡುವುದು, ಹೊರಕ್ಕೆ ತೆಗೆಯುವುದು, ಹೊರಬಂದದ್ದನ್ನು ಮೂಲದೊಂದಿಗೆ ಹೋಲಿಸುವುದು. ಒಂದು ಟೂಲ್‌ಗೆ ಹತ್ತು ನಿಮಿಷ ಸಾಕು.

ವಿನ್ಯಾಸದ ಟೂಲ್‌ನಲ್ಲಿ ಆಯ್ಕೆ ಬೇಗ ಮುಗಿಯಿತು. ಹಳೆಯ ಗ್ರಾಫಿಕ್ಸ್ ಸಾಫ್ಟ್‌ವೇರ್‌ಗಳಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ ಫಾಂಟನ್ನು ದೂರುವ ಮುಂಚೆ ಪ್ಯಾರಾಗ್ರಾಫ್ ಕಂಪೋಸರ್ (ಅಕ್ಷರಗಳನ್ನು ಸಾಲಿನಲ್ಲಿ ಜೋಡಿಸುವ ಸೆಟ್ಟಿಂಗ್) ನೋಡಿ. ಅಡೋಬಿಯ ಪುಟವಿನ್ಯಾಸದ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ ಅದು ವರ್ಲ್ಡ್-ರೆಡಿ ಕಂಪೋಸರ್ ಆಗಿರಬೇಕು. ನಾನು ಉಳಿಸಿಕೊಂಡದ್ದು ಪೆನ್‌ಪಾಟ್. ಅದು ಓಪನ್ ಸೋರ್ಸ್, ಬ್ರೌಸರ್‌ನಲ್ಲೇ ನಡೆಯುತ್ತದೆ, ಚಿತ್ರವನ್ನು ಎಸ್‌ವಿಜಿ ರೂಪದಲ್ಲಿ (ಬೇರೆ ಸಾಫ್ಟ್‌ವೇರ್‌ಗಳೂ ತೆರೆಯಬಲ್ಲ ಚಿತ್ರರೂಪ) ಕೊಡುತ್ತದೆ. ಇಂಥದೇ ಇನ್ನೊಂದು ಟೂಲ್ ಫಿಗ್ಮಾ ಬಲ್ಲವರು ಅದನ್ನೇ ಬಳಸಬಹುದು. ಆದರೆ ಕಡತವನ್ನು ಒಂದೇ ಕಂಪನಿಯ ಸಾಫ್ಟ್‌ವೇರ್ ಮಾತ್ರ ತೆರೆಯಬಲ್ಲದು ಎಂದಾದರೆ ಆ ಟೂಲ್‌ನ ಆಯುಸ್ಸೇ ನಿಮ್ಮ ಕೆಲಸದ ಆಯುಸ್ಸು. ವೆಬ್‌ಸೈಟ್ ಮಾಡುವ ಟೂಲ್ ಅಡೋಬಿ ಮ್ಯೂಸ್‌ಗೆ ಬೆಂಬಲ 2020ರಲ್ಲಿ ನಿಂತಿತು. ಆ್ಯಪ್, ಸೈಟುಗಳ ವಿನ್ಯಾಸ ಮಾಡುವ ಅಡೋಬಿ ಎಕ್ಸ್‌ಡಿಯನ್ನು ಬಿಡಿಯಾಗಿ ಮಾರುವುದು 2023ರಲ್ಲಿ ನಿಂತಿತು.

ಸೈಟ್ ಕಟ್ಟುವ ಟೂಲ್‌ಗೆ ಬಂದರೆ ಮೊದಲ ಪ್ರಶ್ನೆ: ದಿನವೂ ಇದನ್ನು ಮುಟ್ಟುವವರು ಯಾರು? ನಾನೊಬ್ಬನೇ ಆಗಿದ್ದರೆ ಹ್ಯೂಗೋ ಎನ್ನುತ್ತಿದ್ದೆ. ಟೆಕ್ಸ್ಟ್ ಫೈಲುಗಳಿಂದ ಸೈಟಿನ ಪುಟಗಳನ್ನು ಕಟ್ಟಿಕೊಡುವ ಟೂಲ್ ಅದು. ಒಂದೇ ಫೈಲಿನ ಪ್ರೋಗ್ರಾಂ, ಲೇಖನಗಳೆಲ್ಲ ಮಾರ್ಕ್‌ಡೌನ್ (ಸರಳ ಗುರುತುಗಳ) ಟೆಕ್ಸ್ಟ್, ಡೇಟಾಬೇಸ್ ಇಲ್ಲ. ಕನ್ನಡಕ್ಕೆ ಅದರಲ್ಲಿ ಎರಡು ಸೆಟ್ಟಿಂಗ್ ನೋಡಿಕೊಳ್ಳಬೇಕು. ಉಪಶೀರ್ಷಿಕೆಗಳ ಆ್ಯಂಕರ್ (ನೇರ ಅಲ್ಲಿಗೇ ಲಿಂಕ್ ಕೊಡಲು ಇರುವ ಗುರುತು) ಬಗೆ ಗಿಟ್‌ಹಬ್ ಎಂದಿರಲಿ. ಗಿಟ್‌ಹಬ್-ಆಸ್ಕಿ ಎಂದು ಹಾಕಿದರೆ ಕನ್ನಡ ಅಕ್ಷರಗಳೆಲ್ಲ ಉದುರಿಹೋಗುತ್ತವೆ. ಇನ್ನೊಂದು, ಪಾತ್‌ನಿಂದ (ಪುಟದ ವಿಳಾಸದಿಂದ) ಆ್ಯಕ್ಸೆಂಟ್ ತೆಗೆಯುವ ಆಯ್ಕೆ. ಅದು ಆಫ್ ಆಗಿಯೇ ಬರುತ್ತದೆ, ಹಾಗೆಯೇ ಬಿಡಿ. ಫ್ರೆಂಚ್ ಅಕ್ಷರದ ಮೇಲಿನ ಗೆರೆ ತೆಗೆಯಲು ಮಾಡಿದ ಸೌಲಭ್ಯ ಅದು. ನಮ್ಮ ಗುಡಿಸಿನಂಥ ಚಿಹ್ನೆಗಳನ್ನೂ ಗೆರೆಯೆಂದೇ ಎಣಿಸಿ ಒರೆಸುತ್ತದೆ. ಓದುವ ಸಮಯ ತೋರಿಸುವ ಲೆಕ್ಕವನ್ನೂ ನಂಬಬೇಡಿ. ಅದು ನಿಮಿಷಕ್ಕೆ 213 ಪದ ಎಂದು ಹಿಡಿಯುತ್ತದೆ. ಇಂಗ್ಲಿಷಿನಲ್ಲಿ ಹಲವು ಪದ ಬೇಕಾಗುವ ‘ಓದಬೇಕಾಗಿದ್ದವರಿಗೆ’ ಎಂಬುದು ನಮ್ಮಲ್ಲಿ ಒಂದೇ ಪದ.

ಫೋನಿನಲ್ಲಿ ಬರೆಯುವ ಇಬ್ಬರಿಗೆ ಗಿಟ್ (ಫೈಲುಗಳ ಬದಲಾವಣೆ ದಾಖಲಿಸುವ, ಹ್ಯೂಗೋ ಜೊತೆ ಬಳಸುವ ಟೂಲ್) ಕಲಿಸಿ ಸೈಟ್ ನಡೆಸುವುದು ಆಗದ ಮಾತು. ಹಾಗಾಗಿ ಬ್ರೌಸರ್‌ನಲ್ಲೇ ಬರೆದು ಪ್ರಕಟಿಸಬಹುದಾದ ವರ್ಡ್‌ಪ್ರೆಸ್. ಎಳೆದು ಬಿಟ್ಟು ಪುಟ ಕಟ್ಟುವ ಪೇಜ್ ಬಿಲ್ಡರ್‌ಗಳನ್ನು ಮಾತ್ರ ದೂರವಿಟ್ಟೆ. ಒಂದು ಬಿಲ್ಡರ್‌ನಲ್ಲಿ ಮಾದರಿ ಪುಟ ಮಾಡಿ, ಪ್ಲಗಿನ್ ಆಫ್ ಮಾಡಿ ನೋಡಿದೆ: ಲೇಖನದ ನಡುವೆಲ್ಲ ಚೌಕ ಕಂಸದ ಶಾರ್ಟ್‌ಕೋಡ್‌ಗಳು (ಬಿಲ್ಡರ್‌ಗೆ ಮಾತ್ರ ತಿಳಿಯುವ ಸೂಚನೆಗಳು) ಕಸದಂತೆ ಉಳಿದವು. ವರ್ಡ್‌ಪ್ರೆಸ್‌ನದೇ ಬ್ಲಾಕ್ ಎಡಿಟರ್ ಬರೆಯುವುದು ಸಾಮಾನ್ಯ ಎಚ್‌ಟಿಎಂಎಲ್. ನಾಳೆ ಬೇರೆಡೆಗೆ ಒಯ್ಯಬೇಕಾದರೂ ಓದಬಹುದು. ಸೈಟ್ ಕಟ್ಟಿ ತಮ್ಮಲ್ಲೇ ಇಟ್ಟುಕೊಳ್ಳುವ ವಿಕ್ಸ್‌ನಂಥ ಸೇವೆಗಳಲ್ಲಿ ಇಡೀ ಸೈಟನ್ನು ಎತ್ತಿಕೊಂಡು ಬೇರೆ ಹೋಸ್ಟಿಂಗ್‌ಗೆ ಹೋಗಲು ಬರುವುದಿಲ್ಲ. 600 ಲೇಖನ ಇಟ್ಟುಕೊಂಡವರು ಅದನ್ನು ಮೊದಲೇ ತಿಳಿದಿರಬೇಕು.

ವರ್ಡ್‌ಪ್ರೆಸ್‌ನಲ್ಲಿ ಕನ್ನಡಿಗರನ್ನು ತಪ್ಪದೆ ಕಾಡುವುದು ಲೇಖನದ ವಿಳಾಸ, ಅಂದರೆ ಸ್ಲಗ್. ಶೀರ್ಷಿಕೆಯಿಂದ ಅದು ತಾನಾಗಿ ತಯಾರಾಗುತ್ತದೆ. ಡೇಟಾಬೇಸಿನಲ್ಲಿ ಅದಕ್ಕಿರುವ ಜಾಗ 200 ಅಕ್ಷರ. ಕನ್ನಡದ ಒಂದೊಂದು ಸಂಕೇತ (ಯೂನಿಕೋಡ್ ಪಟ್ಟಿಯಲ್ಲಿ ಅಕ್ಷರ, ಚಿಹ್ನೆ ಪ್ರತಿಯೊಂದಕ್ಕೂ ಇರುವ ಸಂಖ್ಯೆ) ಯುಟಿಎಫ್-8 ಎಂಬ ಬರೆದಿಡುವ ಬಗೆಯಲ್ಲಿ ಮೂರು ಬೈಟ್. ವಿಳಾಸದಲ್ಲಿ ಬರೆಯುವಾಗ ಬೈಟಿಗೆ ಮೂರು ಅಕ್ಷರ. ‘ಕ’ ಎಂಬುದು %E0%B2%95 ಆಗುತ್ತದೆ, ಒಟ್ಟು 9. ಅಲ್ಲಿಗೆ 200ರಲ್ಲಿ ಹಿಡಿಯುವುದು 22 ಸಂಕೇತ ಮಾತ್ರ, ಅದರಲ್ಲೂ ಒತ್ತು, ದೀರ್ಘ, ಸೊನ್ನೆ ಎಲ್ಲವೂ ಬೇರೆ ಬೇರೆ ಎಣಿಕೆ. ‘ಕರ್ನಾಟಕದ ಗ್ರಾಮೀಣ ಗ್ರಂಥಾಲಯಗಳು’ ಎಂಬ ಶೀರ್ಷಿಕೆ ಕೊಟ್ಟರೆ ಕರ್ನಾಟಕದ ಎಂಬುದಕ್ಕೆ 72, ಗೆರೆಗೆ 1, ಗ್ರಾಮೀಣಕ್ಕೆ 63, ಮತ್ತೊಂದು ಗೆರೆಗೆ 1. ಉಳಿದ 63ರಲ್ಲಿ ‘ಗ್ರಂಥಾಲ’ ಎನ್ನುವಷ್ಟರಲ್ಲಿ ಜಾಗ ಮುಗಿಯಿತು. ಒಂದೇ ಸರಣಿಯ ಲೇಖನಗಳ ವಿಳಾಸಗಳು ಹೀಗೆ ಒಂದೇ ಆಗಿ, ಕೊನೆಗೆ 2, 3 ಎಂಬ ಅಂಕಿ ಅಂಟಿಕೊಳ್ಳುತ್ತದೆ. ವಾಟ್ಸ್‌ಆ್ಯಪ್‌ಗೆ ಅಂಟಿಸಿದಾಗ ಎಷ್ಟೋ ಸಲ ಪರದೆ ತುಂಬ ಶೇಕಡಾ ಚಿಹ್ನೆಗಳು ಕಾಣುತ್ತವೆ; ಅದನ್ನು ಕಂಡು ಲಿಂಕ್ ಒತ್ತಲು ಹೆದರುವವರಿದ್ದಾರೆ. ಪ್ರತಿ ಲೇಖನಕ್ಕೂ ಮೂರು ನಾಲ್ಕು ಪದದ ಸ್ಲಗ್ಗನ್ನು ರೋಮನ್ ಅಕ್ಷರದಲ್ಲಿ ಕೈಯಾರೆ ಬರೆಯುವ ನಿಯಮ ಮಾಡಿದೆ. ಪ್ರಕಟಿಸಿದ ಮೇಲೆ ಅದನ್ನು ಬದಲಿಸುವಂತಿಲ್ಲ.

ಹಳೆಯ ಫೈಲುಗಳ ಪರಿವರ್ತನೆಗೆ ಹೆಚ್ಚು ಸಮಯ ಇಡಿ. ಕನ್ನಡ ಟೈಪಿಂಗ್ ತಂತ್ರಾಂಶಗಳಾದ ನುಡಿ, ಬರಹಗಳ ಹಳೆಯ ಫಾಂಟಿನಲ್ಲಿ ಅಕ್ಷರದ ಆಕಾರವಷ್ಟೇ ಕನ್ನಡ, ಒಳಗಿರುವುದು ರೋಮನ್ ಸಂಕೇತ. ಆಸ್ಕಿಯಿಂದ (ಈ ಹಳೆಯ ಬಗೆಯಿಂದ) ಯೂನಿಕೋಡ್‌ಗೆ ತರುವ ಪರಿವರ್ತಕಗಳು ಹಲವಿವೆ. ಯಾವುದನ್ನೇ ಬಳಸಿ, ಮೂರು ಕಡೆ ಕಣ್ಣಿಡಿ. ಒಂದು, ಅರ್ಕಾವತ್ತು. ಹಳೆಯ ಫಾಂಟಿನಲ್ಲಿ ಅದು ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ ಇರುತ್ತದೆ. ಯೂನಿಕೋಡಿನಲ್ಲಿ ರ್ ಮೊದಲು ಬರಬೇಕು. ಎರಡು, ಅನುಸ್ವಾರದ ಬದಲು ಕನ್ನಡ ಅಂಕಿ ಸೊನ್ನೆ ಕೂತಿರುತ್ತದೆ. ನೋಡಲು ವ್ಯತ್ಯಾಸವೇ ತಿಳಿಯದು, ಹುಡುಕಿದರೆ ಮಾತ್ರ ಸಿಗದು. ಕನ್ನಡ ಅಕ್ಷರದ ಹಿಂದೆಯೇ ಬರುವ ಅಂಕಿ ಸೊನ್ನೆಯನ್ನೆಲ್ಲ ಅನುಸ್ವಾರಕ್ಕೆ ಬದಲಿಸಿ, ಬದಲಾದದ್ದನ್ನು ಒಮ್ಮೆ ಕಣ್ಣಾಡಿಸಿ. ಮೂರನೆಯದು ಇನ್ನೂ ಸೂಕ್ಷ್ಮ. ‘ಕೋ’ ಎಂಬುದನ್ನು ಕ ಮತ್ತು ೋ ಎಂಬ ಎರಡೇ ಸಂಕೇತದಲ್ಲಿ ಬರೆಯಬಹುದು. ಕ, ಏತ್ವ, ಊಕಾರದ ಕೊಂಬು, ದೀರ್ಘ ಎಂದು ನಾಲ್ಕಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಯೂನಿಕೋಡ್‌ಡೇಟಾ ಮಾಡ್ಯೂಲಿನಲ್ಲಿರುವ ನಾರ್ಮಲೈಸ್‌ಗೆ ಎನ್‌ಎಫ್‌ಸಿ (ಬಿಡಿ ಸಂಕೇತಗಳನ್ನು ಕೂಡಿಸುವ ರೂಪ) ಎಂದು ಹೇಳಿ ಎಲ್ಲ ಫೈಲುಗಳನ್ನೂ ಹಾಯಿಸಿದರೆ ಇವು ಒಂದಾಗುತ್ತವೆ. ಈ ಕೆಲಸ ಡೇಟಾಬೇಸಿಗೆ ತುಂಬುವ ಮೊದಲೇ ಆಗಬೇಕು.

ತಿದ್ದಲು ವಿಎಸ್ ಕೋಡ್ ಎಂಬ ಟೆಕ್ಸ್ಟ್ ಎಡಿಟರ್ ಬಳಸಿದೆ. ಕಾಣದ ಗುರುತುಗಳ ಸುತ್ತ ಅದು ಹಳದಿ ಚೌಕ ಹಾಕಿ ಎಚ್ಚರಿಸಬಹುದು. ಅವನ್ನು ದೋಷವೆಂದು ಅಳಿಸಬೇಡಿ, ಸಾಫ್ಟ್‌ವೇರ್ ‘ಸಾಫ್ಟ್ವೇರ್’ ಆಗಿಬಿಡುತ್ತದೆ.

ಅದೇ ಗುರುತು ಹುಡುಕಾಟದಲ್ಲಿ ಅಡ್ಡ ಬರುತ್ತದೆ. ಓದುಗರು ಹುಡುಕು ಪೆಟ್ಟಿಗೆಯಲ್ಲಿ ಅದನ್ನು ಟೈಪ್ ಮಾಡುವುದಿಲ್ಲ. ಹುಡುಕಾಟಕ್ಕೆಂದೇ ಲೇಖನದ ಇನ್ನೊಂದು ಪ್ರತಿ ಇಟ್ಟು, ಅದರಿಂದಲೂ ಓದುಗರು ಕೊಟ್ಟ ಪದದಿಂದಲೂ ಕಾಣದ ಎರಡೂ ಗುರುತುಗಳನ್ನು ತೆಗೆದೆ. ಜೊತೆಗೆ ಇನ್ನೊಂದು: ‘ಬೆಂಗಳೂರು’ ಎಂದು ಹುಡುಕಿದರೆ ‘ಬೆಂಗಳೂರಿನಲ್ಲಿ’ ಸಿಗುವುದಿಲ್ಲ, ಏಕೆಂದರೆ ಕೊನೆಯ ಕೊಂಬು ಗುಡಿಸಾಗಿ ಬದಲಾಗಿದೆ. ಹುಡುಕುವ ಪದದ ಕೊನೆಯಲ್ಲಿ ಸ್ವರಚಿಹ್ನೆಯಿದ್ದರೆ ಅದನ್ನು ಕಿತ್ತು ‘ಬೆಂಗಳೂರ’ ಎಂದು ಹುಡುಕಿಸಿದರೆ ಬೆಂಗಳೂರು, ಬೆಂಗಳೂರಿಗೆ, ಬೆಂಗಳೂರಿನ ಎಲ್ಲವೂ ಬರುತ್ತವೆ. ವ್ಯಾಕರಣ ಬಲ್ಲ ದೊಡ್ಡ ಸರ್ಚ್ ಎಂಜಿನ್ ಕೂರಿಸುವ ಮೊದಲು ಈ ನಾಲ್ಕು ಸಾಲಿನ ಕೋಡ್ ಹಾಕಿ ನೋಡಿ.

ಫಾಂಟ್ ವಿಷಯ. ಆಂಡ್ರಾಯ್ಡ್‌ನಲ್ಲಿ ನೋಟೋ ಸ್ಯಾನ್ಸ್ ಕನ್ನಡ, ಐಫೋನ್ ಮತ್ತು ಮ್ಯಾಕ್‌ನಲ್ಲಿ ಕನ್ನಡ ಸಂಗಮ್, ವಿಂಡೋಸ್ 8ರಿಂದೀಚೆಗೆ ನಿರ್ಮಲಾ ಯುಐ ಇದ್ದೇ ಇರುತ್ತದೆ. ಹಾಗಾಗಿ ಲೇಖನದ ಒಡಲಿಗೆ ಹೊರಗಿನ ಫಾಂಟ್ ಇಳಿಸಲೇ ಇಲ್ಲ, ಈ ಹೆಸರುಗಳನ್ನೇ ಸಾಲಾಗಿ ಕೊಟ್ಟೆ. ತುಂಗಾ ಎಂಬ ಹಳೆಯ ಫಾಂಟನ್ನು ಸಾಲಿನಲ್ಲಿ ಸೇರಿಸಲಿಲ್ಲ, ಅದೇ ಅಳತೆಗೆ ಅದರ ಅಕ್ಷರ ತೀರ ಚಿಕ್ಕದಾಗಿ ಕಾಣುತ್ತದೆ. ಶೀರ್ಷಿಕೆಗೆ ಮಾತ್ರ ಅನೇಕ್ ಕನ್ನಡ. ಅದು ವೇರಿಯಬಲ್ ಫಾಂಟ್, ಒಂದೇ ಫೈಲಿನಲ್ಲಿ ಹಲವು ರೂಪ. ದಪ್ಪ 100ರಿಂದ 800ರವರೆಗೆ, ಅಗಲವೂ ಬದಲಾಗುತ್ತದೆ. ಟೈರೋ ಕನ್ನಡ ಬಹಳ ಚೆಂದ, ಆದರೆ ಅದರಲ್ಲಿ ಬೋಲ್ಡ್ ಇಲ್ಲ. ಬೋಲ್ಡ್ ಕೇಳಿದರೆ ಬ್ರೌಸರ್ ತಾನೇ ಮಸಿ ಬಳಿದಂತೆ ದಪ್ಪ ಮಾಡುತ್ತದೆ, ಒತ್ತಿನೊಳಗಿನ ಸಂದು ಮುಚ್ಚಿಹೋಗುತ್ತದೆ.

ಫಾಂಟನ್ನು ಸ್ವಂತ ಸರ್ವರ್‌ನಲ್ಲೇ ಇಟ್ಟೆ. ಫಾಂಟ್ ಫೈಲುಗಳನ್ನು ತಿದ್ದುವ ಫಾಂಟ್‌ಟೂಲ್ಸ್‌ನ ಸಬ್‌ಸೆಟ್ ಆಜ್ಞೆಯಿಂದ ಕನ್ನಡ ಬ್ಲಾಕ್ (0ಸಿ80ರಿಂದ 0ಸಿಎಫ್‌ಎಫ್), ರೋಮನ್ ಅಕ್ಷರ, ಅಂಕಿಗಳು, ವಿರಾಮಚಿಹ್ನೆ ಇಷ್ಟನ್ನೇ ಉಳಿಸಿ ವಾಫ್2 (ವೆಬ್‌ಗೆಂದು ಕುಗ್ಗಿಸಿದ ಫಾಂಟ್ ರೂಪ) ಮಾಡಿದೆ. ಹೆಚ್ಚಿನವರು ಇಲ್ಲಿ ಮರೆಯುವುದು ಮೂರು: ಕಾಣದ ಎರಡು ಗುರುತುಗಳು (200ಸಿ, 200ಡಿ) ಮತ್ತು ರೂಪಾಯಿ ಚಿಹ್ನೆ (20ಬಿ9). ಅವನ್ನು ಬಿಟ್ಟರೆ ರ‍್ಯಾಂಕ್ ನಡುವೆ ಮುರಿಯಬಹುದು, ಬೆಲೆಯ ಮುಂದಿನ ಚಿಹ್ನೆ ಬೇರೆ ಫಾಂಟಿನದಾಗುತ್ತದೆ.

ಥೀಮ್ ಆರಿಸುವಾಗ ಡೆಮೊ ನೋಡಿ ಮರುಳಾಗದೆ ಆರು ಪದಗಳನ್ನು ಬಟನ್, ಮೆನು, ಶೀರ್ಷಿಕೆ ಮೂರರಲ್ಲೂ ಹಾಕಿ. ಒಂದು ಥೀಮ್‌ನಲ್ಲಿ ಬಟನ್ನಿನ ಎತ್ತರ 40 ಪಿಕ್ಸೆಲ್ ಎಂದು ಕಟ್ಟಿಹಾಕಿ, ಹೊರಚಾಚಿದ್ದನ್ನು ಅಡಗಿಸುವ ಸೆಟ್ಟಿಂಗ್ ಇತ್ತು. ರಾಷ್ಟ್ರದ ಒತ್ತುಗಳು ಕೆಳಗೆ ಸಪಾಟಾಗಿ ಕತ್ತರಿಸಿಹೋದವು. ಎತ್ತರ ತೆಗೆದು ಮೇಲೆ ಕೆಳಗೆ 10 ಪಿಕ್ಸೆಲ್ ಪ್ಯಾಡಿಂಗ್ (ಒಳ ಅಂಚಿನ ಜಾಗ) ಕೊಟ್ಟರೆ ಸರಿಯಾಗುತ್ತದೆ. ಸಾಲಿನ ಅಂತರ ಒಡಲಿಗೆ 1.75, ಶೀರ್ಷಿಕೆಗೆ 1.4. ಇಂಗ್ಲಿಷ್ ಥೀಮ್‌ಗಳ ಶೀರ್ಷಿಕೆಯಲ್ಲಿ ಕಾಣುವ 1.1 ನಮಗೆ ಆಗದು, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರಗಳ ನಡುವಿನ ಅಂತರ ಸೊನ್ನೆ ಇರಲಿ. ಜಸ್ಟಿಫೈ (ಸಾಲನ್ನು ಎರಡೂ ಅಂಚಿಗೆ ಹೊಂದಿಸುವುದು) ಬೇಡ, ನಮ್ಮ ಪದಗಳು ಉದ್ದ, 360 ಪಿಕ್ಸೆಲ್ ಅಗಲದ ಫೋನಿನಲ್ಲಿ ಪದಗಳ ನಡುವೆ ಹೊಂಡ ಬೀಳುತ್ತದೆ. ಪ್ಯಾರಾದ ಮೊದಲಕ್ಷರವನ್ನು ದೊಡ್ಡದು ಮಾಡುವ ಅಲಂಕಾರವನ್ನೂ ತೆಗೆಯಿರಿ, ಒತ್ತಕ್ಷರದಿಂದ ಶುರುವಾದ ಪದ ಅಲ್ಲಿ ಒಡೆಯಬಹುದು.

ಡೇಟಾಬೇಸಿನ ಕ್ಯಾರೆಕ್ಟರ್ ಸೆಟ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಬಗೆ) ಯುಟಿಎಫ್8ಎಂಬಿ4 ಇರಲಿ. ಸರ್ವರ್ ಬದಲಿಸುವಾಗ ಕನ್ನಡ ಕೆಟ್ಟರೆ ಎರಡು ಬಗೆ. ಅರ್ಥವಿಲ್ಲದ ರೋಮನ್ ಅಕ್ಷರಗಳು ಕಂಡರೆ ಬೈಟ್‌ಗಳು ಸಾಮಾನ್ಯವಾಗಿ ಉಳಿದಿರುತ್ತವೆ, ಕ್ಯಾರೆಕ್ಟರ್ ಸೆಟ್ ಸರಿಮಾಡಿ ವಾಪಸ್ ತರಬಹುದು. ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ ಡೇಟಾಬೇಸಿನೊಳಗೇ ಕಂಡರೆ ಮಾಹಿತಿ ಹೋಯಿತು, ಹಳೆಯ ಬ್ಯಾಕಪ್ಪೇ ಗತಿ. ಹಳೆಯ ಸರ್ವರ್ ಮುಚ್ಚುವ ಮುಂಚೆ ಆರು ಪದಗಳ ಪುಟವನ್ನು ಹೊಸದರಲ್ಲಿ ತೆರೆದು ನೋಡಿ.

ಕೊನೆಯದಾಗಿ, ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಜೊತೆ ಕಾಣುವ ಚಿತ್ರ. ಶೀರ್ಷಿಕೆಯನ್ನು ಚಿತ್ರದ ಮೇಲೆ ಬರೆಯುವ ಸಿದ್ಧ ಟೂಲ್‌ಗಳಲ್ಲಿ ಹಲವು ಆರು ಪದದಲ್ಲೇ ಸೋತವು. ಅವು ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುತ್ತವೆಯೇ ಹೊರತು ಒತ್ತು ಕಟ್ಟುವುದಿಲ್ಲ. ಪೈಥಾನ್‌ನಲ್ಲಿ ಚಿತ್ರ ತಯಾರಿಸುವ ಪಿಲ್ಲೋದಲ್ಲಿ, ಒತ್ತು ಕಟ್ಟಿಕೊಡುವ ರಾಕ್ಮ್ ಲೈಬ್ರರಿ ಸೇರಿದ್ದರೆ ಮಾತ್ರ ಕನ್ನಡ ಸರಿಬರುತ್ತದೆ. ನಾನು ಕೊನೆಗೆ 1200ಕ್ಕೆ 630 ಪಿಕ್ಸೆಲ್ಲಿನ ಒಂದು ಎಚ್‌ಟಿಎಂಎಲ್ ಪುಟ ಮಾಡಿ, ಬ್ರೌಸರನ್ನು ತಾನಾಗಿ ನಡೆಸುವ ಪ್ಲೇರೈಟ್ ಮೂಲಕ ಕ್ರೋಮ್‌ನಿಂದ ಸ್ಕ್ರೀನ್‌ಶಾಟ್ ತೆಗೆಸಿದೆ. ಬ್ರೌಸರ್‌ಗೆ ಕನ್ನಡ ಗೊತ್ತು. ಡೆಬಿಯನ್ ಅಥವಾ ಉಬುಂಟು ಸರ್ವರ್ ಆದರೆ ನೋಟೋ ಕೋರ್ ಫಾಂಟ್ ಪ್ಯಾಕೇಜ್ ಹಾಕಿಡಿ, ಇಲ್ಲದಿದ್ದರೆ ಖಾಲಿ ಚೌಕಗಳು ಬರಬಹುದು. ಸ್ಕ್ರೀನ್‌ಶಾಟ್‌ಗೆ ಮುಂಚೆ ಡಾಕ್ಯುಮೆಂಟ್.ಫಾಂಟ್ಸ್.ರೆಡಿ (ಫಾಂಟ್ ಇಳಿದಾಯಿತೆಂಬ ಬ್ರೌಸರಿನ ಸೂಚನೆ) ಮುಗಿಯುವವರೆಗೆ ಕಾಯಿಸಿ. ಕಾಯಿಸದಿದ್ದರೆ ಹತ್ತರಲ್ಲಿ ಒಂದೆರಡು ಚಿತ್ರ ಅನೇಕ್ ಬದಲು ನೋಟೋದಲ್ಲಿ ಹೊರಬರುತ್ತವೆ, ಮತ್ತು ವಾಟ್ಸ್‌ಆ್ಯಪ್‌ನಲ್ಲಿ ಒಮ್ಮೆ ಹಂಚಿದ ಸಂದೇಶದಲ್ಲಿ ಆ ಚಿತ್ರ ಹಾಗೆಯೇ ಉಳಿದುಬಿಡುತ್ತದೆ.