ಮೂರನೇ ಸಲಕ್ಕೆ ಸಿಕ್ಕಿದ ಪಿಕೆ: ಜಿರಿಯಿಂದ ಜುನ್ಬೆಸಿವರೆಗೆ ನನ್ನ ಅನುಭವ

"ಆ ಜೀಪ್ ರೋಡಲ್ಲಿ ಧೂಳು ಕುಡಿಯೋಕೆ ಅಷ್ಟು ದೂರ ಹೋಗ್ಬೇಕೇನೋ, ಸುಮ್ನೆ ಲುಕ್ಲಾಗೆ ಫ್ಲೈಟ್ ಹಿಡಿ" ಅಂದಿದ್ದ ನಮ್ಮ ಟ್ರೆಕ್ ಗುಂಪಿನ ಗೆಳೆಯ, ನೇಪಾಳದ ಪಿಕೆ ಶಿಖರಕ್ಕೆ ಜಿರಿ ಊರಿಂದ ಹಳೇ ಕಾಲ್ದಾರಿಲಿ ನಡ್ಕೊಂಡೇ ಹೋಗ್ತೀನಿ ಅಂತ ನಾನು ಹೇಳಿದಾಗ. ಅವನೊಬ್ಬನೇ ಅಲ್ಲ, ಕುಮಾರಪರ್ವತಕ್ಕೆ ನನ್ನ ಜೊತೆ ಆರು ಸಲ ಬಂದವರೂ ನಕ್ಕಿದ್ರು. ನಗೋಕೆ ಕಾರಣಾನೂ ಇತ್ತು ಬಿಡಿ, ಎರಡು ಸಲ ಹೋಗಿ ಎರಡು ಸಲಾನೂ ಮುಖ ಸಣ್ಣ ಮಾಡ್ಕೊಂಡು ವಾಪಸ್ ಬಂದವನು ನಾನು. 2023ರ ನವೆಂಬರ್ ಕೊನೇಲಿ ಮೂರನೇ ಸಲ ಆಯ್ತು, ಅದೂ ನಾನು ಹೇಳಿದ್ದ ರೀತಿಲೇ ಆಯ್ತು, ಅದಕ್ಕೇ ಇದನ್ನ ಬರೀತಿದೀನಿ.

ಜಾಗ ಯಾವುದು ಅಂದ್ರೆ ಸೋಲುಖುಂಬು ಜಿಲ್ಲೆಯ ಕೆಳಭಾಗ, ಸೋಲು. ಎವರೆಸ್ಟ್ ಟ್ರೆಕ್‌ನವರು ಹೋಗೋ ನಾಮ್ಚೆ, ತೆಂಗ್ಬೋಚೆ ಎಲ್ಲ ಮೇಲಿನ ಖುಂಬುಲಿ ಬರುತ್ತೆ. ಲುಕ್ಲಾದಲ್ಲಿ 1964ರಲ್ಲಿ ಏರ್‌ಸ್ಟ್ರಿಪ್ ಆಗೋ ತನಕ ಕಠ್ಮಂಡುವಿಂದ ಎವರೆಸ್ಟ್ ಕಡೆ ನಡ್ಕೊಂಡು ಹೋಗೋರು ಹೆಚ್ಚಾಗಿ ಈ ಊರುಗಳನ್ನ ದಾಟ್ಕೊಂಡೇ ಹೋಗ್ತಿದ್ರು, 1953ರ ಹಿಲರಿ-ತೇನ್ಸಿಂಗ್ ತಂಡಾನೂ ಜುನ್ಬೆಸಿ ಮೇಲೇ ಹೋಗಿದ್ದು. ಈಗ ವಿಮಾನ ಎಲ್ಲರನ್ನೂ ಮೇಲಿಂದ ಹಾರಿಸ್ಕೊಂಡು ಹೋಗುತ್ತೆ, ಕೆಳಗೆ ಲಾಡ್ಜುಗಳು ಖಾಲಿ ಹೊಡೀತಾವೆ.

ಮೊದಲನೇ ಸೋಲು (ಹೌದು, ಸೋಲುಲಿ ಸೋಲು, ನಗಿ) 2022ರ ಏಪ್ರಿಲ್. ಕಠ್ಮಂಡುವಿನ ಒಂದು ಏಜೆನ್ಸಿ ಒಂಬತ್ತು ದಿನಕ್ಕೆ ತಲೆಗೆ 55 ಸಾವಿರ ನಮ್ಮ ರೂಪಾಯಿ ಹೇಳ್ತು, ಕೊಟ್ವಿ. ಅವರು ಮಾಡಿದ್ದೇನು? ಕಠ್ಮಂಡುಯಿಂದ ಬೆಳಿಗ್ಗೆ ಜೀಪಲ್ಲಿ ತುಂಬ್ಕೊಂಡು ಸಂಜೆಗೆ ಧಾಪ್‌ನಲ್ಲಿ ಇಳಿಸಿದ್ರು, ಮಾರನೇ ದಿನಾನೇ ಪಿಕೆ ಬೇಸ್ ಕ್ಯಾಂಪಿಗೆ ಹತ್ತಿಸಿದ್ರು. ಕಠ್ಮಂಡುಲಿ 1,400 ಮೀಟರ್‌ನಲ್ಲಿ ಮಲಗಿದ್ದವನು ಎರಡೇ ದಿನಕ್ಕೆ 3,600ರ ಮೇಲೆ ಮಲಗಿದ್ರೆ ಏನಾಗುತ್ತೆ ಅಂತ ನಿಮಗೆ ಹೇಳ್ಬೇಕಾಗಿಲ್ಲ. ಜೊತೆಗಿದ್ದ ಸಹೋದ್ಯೋಗಿ ರಾತ್ರಿ ಪೂರ್ತಿ ವಾಂತಿ, ನಂಗೆ ತಲೆ ಸಿಡಿತ, ಎತ್ತರದ ಕಾಯಿಲೆಗೆ ಕೊಡೋ ಡಯಾಮಾಕ್ಸ್ ಮಾತ್ರೆ ನುಂಗಿ ಬೆಳಿಗ್ಗೆ ಹೇಗೋ ತುದಿಗೆ ಹೋದ್ರೆ ಕಾಡಿಗೆ ಬೆಂಕಿ ಬಿದ್ದ ಹೊಗೆ ಸೇರ್ಕೊಂಡು ಆಕಾಶ ಎಲ್ಲ ಮಜ್ಜಿಗೆ ನೀರಿನ ಥರ, ಎವರೆಸ್ಟ್ ಹೋಗ್ಲಿ ಪಕ್ಕದ ಗುಡ್ಡಾನೂ ಕಾಣ್ಲಿಲ್ಲ. ಲಾಲಿಗುರಾಸ್ ಹೂವು ಚೆನ್ನಾಗಿತ್ತು, ಅಷ್ಟೇ.

ಎರಡನೇದು ಅದೇ ವರ್ಷ ದಸರಾ ರಜೆಗೆ. ಇದು ಪೂರ್ತಿ ನನ್ನದೇ ದಡ್ಡತನ. ನಮ್ಮ ದಸರಾ ಅಂದ್ರೆ ಅವರ ದಶೈಂ, ಕಠ್ಮಂಡುಲಿ ದುಡಿಯೋ ಅರ್ಧ ಊರು ಹಳ್ಳಿಗೆ ಹೊರಟಿರುತ್ತೆ ಅನ್ನೋದು ತಲೆಗೇ ಬಂದಿರ್ಲಿಲ್ಲ. ಜೀಪಲ್ಲಿ ಸೀಟಿಲ್ಲ, ಇದ್ರೆ ಡಬಲ್ ರೇಟು. ಅದರ ಮೇಲೆ ಹೋಗದೆ ಕೂತ ಮಳೆ, ದಾರಿ ಕುಸಿತ. ಇದೆಲ್ಲಕ್ಕಿಂತ ಮುಂಚೆ ಇನ್ನೊಂದು ಕಥೆ, ಜೊತೆಗೆ ಬರಬೇಕಿದ್ದವನು ಏರ್‌ಪೋರ್ಟಿಗೆ ಬರೀ ಆಧಾರ್ ಕಾರ್ಡ್ ತಗೊಂಡು ಬಂದಿದ್ದ. ನೇಪಾಳಕ್ಕೆ ವಿಮಾನದಲ್ಲಿ ಹೋಗೋಕೆ ಪಾಸ್‌ಪೋರ್ಟ್ ಇಲ್ಲಾಂದ್ರೆ ವೋಟರ್ ಐಡಿ ಬೇಕು, ಕೌಂಟರಿಂದಲೇ ವಾಪಸ್ ಕಳಿಸಿದ್ರು. ಕಠ್ಮಂಡುಲಿ ನಾಲ್ಕು ದಿನ ಮೋಮೋ ತಿಂದು ಬಂದೆ, ಸುಮಾರು 22 ಸಾವಿರ ನೀರಲ್ಲಿ ಹೋಮ.

ಆಮೇಲೆ ಕೂತು ಯೋಚನೆ ಮಾಡ್ದೆ. ಎಲ್ಲರೂ ಮಾಡೋದು ಮೇಲಿಂದ ಶುರು: ತುದಿ ಯಾವುದು, ಅದಕ್ಕೆ ಹತ್ರದ ರಸ್ತೆ ಯಾವುದು, ಎಷ್ಟು ಕಮ್ಮಿ ದಿನ. ನಾನು ತಿರುಗಿಸಿದೆ. ಹಳೇ ಕಾಲ್ದಾರಿಲೇ, ಕೆಳಗಿನ ಊರಿಂದಲೇ ಹತ್ಕೊಂಡು ಹೋಗೋದು, ಸೀಸನ್ ಮುಗಿದ ಮೇಲೆ ಹೋಗೋದು, ಪ್ರತಿ ರಾತ್ರಿ ಉಳಿಯೋ ಮನೆಗೆ ಎರಡು ದಿನ ಮುಂಚೆ ಫೋನ್ ಹೊಡೆಯೋದು. ಈ ಫೋನ್ ವಿಷಯ ಸಣ್ಣದು ಅನ್ಸುತ್ತೆ, ಆದ್ರೆ ನವೆಂಬರ್ ಕೊನೆಗೆ ಮೇಲಿನ ಲಾಡ್ಜಿನವರು ಬಾಗಿಲು ಹಾಕಿ ಕೆಳಗೆ ಇಳಿದುಬಿಟ್ಟಿರ್ತಾರೆ, ಹೇಳದೆ ಹೋದ್ರೆ ಬೀಗ ನೋಡ್ಕೊಂಡು ನಿಲ್ಬೇಕು. ಆ ನಂಬರ್‌ಗಳು ನಂಗೆ ಹೇಗೆ ಸಿಕ್ತು ಅಂತ ಕೇಳ್ಬೇಡಿ, ಒಂದು ವರ್ಷದ ಕೆಲಸ ಅದು.

ದಾರಿ ಹೀಗಿತ್ತು. ನಾನು, ನನ್ನ ಭಾವಮೈದ. ಯಶವಂತಪುರದಿಂದ ಗೋರಖ್‌ಪುರ ಟ್ರೈನು, ಸುನೌಲಿ ಗಡಿ, ಅಲ್ಲಿಂದ ಬಸ್ಸಲ್ಲಿ ಕಠ್ಮಂಡು (ಬೆನ್ನು ಮೂಳೆ ಎಲ್ಲಿದೆ ಅಂತ ಗೊತ್ತಾಗುತ್ತೆ). ಮಾರನೇ ದಿನ ಜಿರಿ ಬಸ್ಸು, ಏಳೆಂಟು ಗಂಟೆ. ಜಿರಿ 1,900 ಮೀಟರ್, ಶಿವಾಲಯ ಅದಕ್ಕಿಂತ ಸ್ವಲ್ಪ ಕೆಳಗೆ, ಅಲ್ಲಿ ಗೌರಿಶಂಕರ ಸಂರಕ್ಷಣಾ ಪ್ರದೇಶದ ಪರ್ಮಿಟ್ ನೋಡ್ತಾರೆ, ನಮ್ಮಂಥ ಸಾರ್ಕ್ ದೇಶದವರಿಗೆ ಆಗ ಸಾವಿರ ನೇಪಾಳಿ ರೂಪಾಯಿ ಇತ್ತು. ದೇವರಾಲಿ 2,700 ಹತ್ತಿ ಭಂಡಾರ್‌ಗೆ 2,200ಕ್ಕೆ ಇಳಿಯೋದು, ಮತ್ತೆ ಕಿಂಜಾಗೆ 1,600ಕ್ಕೆ ಇಳಿಯೋದು, ಮತ್ತೆ ಸೇತೆಗೆ ಸಾವಿರ ಮೀಟರ್ ಏರು. ಹತ್ತಿದ್ದನ್ನೆಲ್ಲ ಇಳಿಸಿ ಮತ್ತೆ ಹತ್ತಿಸ್ತಾರೆ, ಭಾವಮೈದ ಮೂರನೇ ದಿನ ನನ್ನ ಜೊತೆ ಮಾತು ಬಿಟ್ಟಿದ್ದ. ಆದ್ರೆ ಎತ್ತರಕ್ಕೆ ಮೈ ಒಗ್ಗೋಕೆ ಇದೇ ಔಷಧಿ. ಸೇತೆಲಿ ಒಂದು ರಾತ್ರಿ, ಗೋಯಂನಲ್ಲಿ ಒಂದು ರಾತ್ರಿ, ಆಮೇಲೆ ಏಣು ಹಿಡ್ಕೊಂಡು ಪಿಕೆ ಕಡೆ. ಒಂದೇ ಒಂದು ಮಾತ್ರೆ ತಗೊಳ್ಲಿಲ್ಲ ಇಬ್ಬರೂ. ಗೆಳೆಯನ ಧೂಳಿನ ಮಾತು ಅರ್ಧ ನಿಜ, ಭಂಡಾರ್, ಕಿಂಜಾ ಸುತ್ತ ಜೀಪ್ ರೋಡು ಕಾಲ್ದಾರಿನ ಅಲ್ಲಲ್ಲಿ ತಿಂದುಹಾಕಿದೆ. ಮೂಗಿಗೆ ಬಟ್ಟೆ ಕಟ್ಕೊಂಡು ಒಂದು ದಿನ ಸಹಿಸ್ಕೊಂಡ್ರೆ ಆಯ್ತು, ಸೇತೆ ಏರು ಶುರುವಾದ ಮೇಲೆ ನಮಗೆ ಎಂಜಿನ್ ಸದ್ದೇ ಕೇಳಿಸ್ಲಿಲ್ಲ. ನಾಲ್ಕು ದಿನದಲ್ಲಿ ನಾವು ಕಂಡ ಹೊರಗಿನವರು ಐದು ಜನ, ಅದ್ರಲ್ಲಿ ಇಬ್ಬರು ಎದುರಿಂದ ಬಂದವರು.

ಗೈಡ್ ಬಗ್ಗೆ. 2023ರ ಏಪ್ರಿಲ್‌ನಿಂದ ವಿದೇಶಿಯರಿಗೆ ಗೈಡ್ ಕಡ್ಡಾಯ ಅಂತ ಮಾಡಿದಾರೆ. ನಾವು ಸೋಲು ಕಡೆಯವನೇ ಒಬ್ಬ ಶೆರ್ಪಾ ಹುಡುಗನ್ನ ದಿನಕ್ಕೆ 2,500 ನೇಪಾಳಿಗೆ ಮಾತಾಡ್ಕೊಂಡ್ವಿ. ಅವನಿಂದ ದೊಡ್ಡ ಲಾಭ ಅಂದ್ರೆ ಪ್ರತಿ ಊರಲ್ಲೂ ಅವನಿಗೊಬ್ಬ ಚಿಕ್ಕಮ್ಮನೋ ಮಾವನೋ ಇದ್ರು. ಇವರಲ್ಲಿ ಹುಟ್ಟಿದ ವಾರದ ಹೆಸರನ್ನೇ ಮಗೂಗೆ ಇಡೋದು ಜಾಸ್ತಿ, ಸೋಮವಾರ ದಾವಾ, ಮಂಗಳವಾರ ಮಿಂಗ್ಮಾ, ಬುಧವಾರ ಲಾಕ್ಪಾ, ಶುಕ್ರವಾರ ಪಾಸಾಂಗ್. ಹಂಗಾಗಿ ಒಂದೇ ಊರಲ್ಲಿ ನಾಲ್ಕು ಪಾಸಾಂಗ್, ನನ್ನ ಫೋನಲ್ಲಿ "ಪಾಸಾಂಗ್ ನೀಲಿ ಕಿಟಕಿ", "ಪಾಸಾಂಗ್ ಕೆಮ್ಮು" ಅಂತೆಲ್ಲ ಸೇವ್ ಆಗಿದೆ. ಮಣಿ ಗೋಡೆ (ಮಂತ್ರ ಕೆತ್ತಿದ ಕಲ್ಲುಗಳ ಗೋಡೆ) ಬಂದ್ರೆ ಬಲಗಡೆಗೆ ಬರೋ ಹಂಗೆ ದಾಟಬೇಕು, ನಮ್ಮ ಪ್ರದಕ್ಷಿಣೆ ಲೆಕ್ಕಾನೇ, ಭಾವಮೈದ ಅಡ್ಡದಾರಿ ಅಂತ ಎಡಗಡೆ ಬಿಟ್ಕೊಂಡು ಹೋದಾಗ ಹುಡುಗ ಏನೂ ಅನ್ನದೆ ಅಲ್ಲೇ ನಿಂತ, ಇವನು ವಾಪಸ್ ಬಂದು ಸರಿಯಾಗಿ ಸುತ್ಕೊಂಡು ಹೋಗೋ ತನಕ.

ಒಂದು ಪ್ರಯೋಗ ಹೇಳ್ಲೇಬೇಕು. ಮನೆಯಿಂದ ಎರಡು ಕೆಜಿ ರಾಗಿ ಹುರಿಹಿಟ್ಟು ಹೊತ್ಕೊಂಡು ಹೋಗಿದ್ದೆ, ಎಲ್ಲರೂ ತಮಾಷೆ ಮಾಡಿದ್ರು. ಗೋಯಂನಲ್ಲಿ ಅಡುಗೆಮನೆ ಒಲೆ ಪಕ್ಕ ಕೂತಿದ್ದಾಗ ಲಾಡ್ಜಿನ ದೀದಿ ಬೆಣ್ಣೆ ಚಹಾಗೆ ತ್ಸಂಪಾ ಹಾಕಿ ಬೆರಳಲ್ಲೇ ಕಲಸಿ ಉಂಡೆ ಮಾಡ್ತಿದ್ರು, ಅದು ಹುರಿದ ಜವೆಗೋಧಿ ಹಿಟ್ಟು. ನಾನು ನನ್ನ ಪ್ಯಾಕೆಟ್ ಬಿಚ್ಚಿ ಅದೇ ಚಹಾಗೆ ಹುರಿಹಿಟ್ಟು ಹಾಕ್ದೆ. ಅವರು ಮೂಸಿ ನೋಡಿ "ಕೋದೋ!" ಅಂದ್ರು. ರಾಗಿಗೆ ಅಲ್ಲಿ ಕೋದೋ ಅಂತಾರೆ, ಅದ್ರಲ್ಲೇ ಢಿಂಡೋ ಮಾಡ್ತಾರೆ, ಅಂದ್ರೆ ಮುದ್ದೆ, ಅದ್ರಲ್ಲೇ ತೋಂಗ್ಬಾ ಅನ್ನೋ ಹೆಂಡಾನೂ ಮಾಡ್ತಾರೆ. ಉಪ್ಪು, ಬೆಣ್ಣೆ, ಹುರಿಹಿಟ್ಟು, ಸತ್ಯವಾಗ್ಲೂ ಚೆನ್ನಾಗಿರುತ್ತೆ, ಬೆಲ್ಲ ಮಾತ್ರ ಹಾಕ್ಬೇಡಿ, ನಾನು ಹಾಕಿ ಕೆಡಿಸ್ಕೊಂಡೆ. ಉಳಿದ ಹಿಟ್ಟು ಅಲ್ಲೇ ಕೊಟ್ಟೆ, ಬದಲಿಗೆ ಬಂದಿದ್ದು ರಿಗಿಕುರ್. ಹಸಿ ಆಲೂಗಡ್ಡೆ ತುರಿದು, ಸ್ವಲ್ಪ ಹಿಟ್ಟು ಸೇರಿಸಿ, ಕಾವಲಿ ಮೇಲೆ ದಪ್ಪಗೆ ಹರಡಿ, ಅಂಚು ಕೆಂಪಾದ್ಮೇಲೆ ಮೇಲೊಂದು ಉಂಡೆ ಬೆಣ್ಣೆ, ಪಕ್ಕದಲ್ಲಿ ಸೋಮರ್ ಚಟ್ನಿ. ಸೋಮರ್ ಅಂದ್ರೆ ಕೊಳೆಸಿದ ಚೀಸ್ ಥರದ್ದು, ವಾಸನೆಗೆ ಮೊದಲ ತುತ್ತಲ್ಲಿ ಕಣ್ಣಲ್ಲಿ ನೀರು, ಮೂರನೇ ತುತ್ತಿಗೆ ಇನ್ನೊಂದು ಹಾಕಿ ಅಂದೆ.

ಪಿಕೆ ತುದಿ 4,065 ಮೀಟರ್. ಬೆಳಿಗ್ಗೆ ನಾಲ್ಕೂವರೆಗೆ ಹೊರಟ್ವಿ, ಬಾಟಲಿ ನೀರು ಕಲ್ಲಾಗಿತ್ತು, ಫೋನ್ ಮತ್ತೆ ಪವರ್ ಬ್ಯಾಂಕ್ ಕಾಲ್ಚೀಲದಲ್ಲಿ ಸುತ್ತಿ ಹೊಟ್ಟೆ ಹತ್ರ ಇಟ್ಕೊಂಡಿದ್ದಕ್ಕೆ ಬದುಕಿದ್ವು. ಆರೂವರೆ ಸುಮಾರಿಗೆ ಬೆಳಕು ಬಂತು. ಪೂರ್ವದಲ್ಲಿ ದೂರ ಕಾಂಚನಜುಂಗಾ, ಮಕಾಲು, ಎವರೆಸ್ಟ್, ಪಶ್ಚಿಮಕ್ಕೆ ಗೌರಿಶಂಕರ, ಅದರಾಚೆ ಲಾಂಗ್‌ಟಾಂಗ್, ಒಂದು ಚೂರು ಮೋಡ ಇಲ್ಲ. ಎವರೆಸ್ಟ್ ಇಲ್ಲಿಂದ ಸಣ್ಣದು ಅನ್ಸುತ್ತೆ, ಎದುರಿಗೆ ಕಣ್ತುಂಬ ಇರೋದು ನುಂಬುರ್, 6,958 ಮೀಟರ್, ಸೋಲು ಶೆರ್ಪಾಗಳ ಊರ ದೇವರು. ನಮ್ಮ ಹುಡುಗ ಕೈ ಮುಗಿದಿದ್ದು ಅದಕ್ಕೆ, ಎವರೆಸ್ಟ್ ಕಡೆ ತಿರುಗಿಯೂ ನೋಡ್ಲಿಲ್ಲ. ಭಾವಮೈದ ಮತ್ತೆ ಮಾತು ಶುರು ಮಾಡಿದ್ದು ಅಲ್ಲೇ.

ಇಳಿಯುವಾಗ ಲಾಮ್ಜುರಾ ಕಣಿವೆದಾರಿ ಆಚೆ ಒಂದು ಊರಲ್ಲಿ ಎರಡು ರಾತ್ರಿ ಇದ್ವಿ, ಹೆಸರು ಹೇಳಲ್ಲ, ಬೈಕೊಳ್ಳಿ ಪರವಾಗಿಲ್ಲ. ಆಮೇಲೆ ಜುನ್ಬೆಸಿ, 2,700 ಮೀಟರ್. ಅಲ್ಲಿಂದ ಮೇಲೆ ಒಂದೂವರೆ ಗಂಟೆ ನಡೆದ್ರೆ ಥುಪ್ತೆನ್ ಛೋಲಿಂಗ್ ಗೊಂಪಾ (ಬೌದ್ಧ ಮಠ), ಟಿಬೆಟ್‌ನ ರೊಂಗ್ಬುಕ್‌ನಿಂದ ಬಂದ ತ್ರುಲ್ಶಿಕ್ ರಿನ್ಪೋಚೆ 1960ರ ದಶಕದಲ್ಲಿ ಕಟ್ಟಿಸಿದ್ದು, ಸನ್ಯಾಸಿನಿಯರೇ ಬೇಕಾದಷ್ಟು ಜನ ಇದಾರೆ. ಫಾಪ್ಲು ಮೇಲಿನ ಚಿವೋಂಗ್ ಗೊಂಪಾದಲ್ಲಿ ಮಣಿ ರಿಮ್ದು ಅನ್ನೋ ಮುಖವಾಡ ಕುಣಿತದ ಹಬ್ಬ ಆಗುತ್ತೆ, ತೆಂಗ್ಬೋಚೆದಕ್ಕಿಂತ ಜನ ಎಷ್ಟೋ ಕಮ್ಮಿ ಅಂತಾರೆ, ತಾರೀಖು ಅವರ ಪಂಚಾಂಗ ನೋಡಿ ಇಡೋದು. ಆ ಒಂದು ಫೋನ್ ಮಾತ್ರ ಮಾಡೋಕೆ ಮರ್ತಿದ್ದೆ, ಹೋಗೋಷ್ಟರಲ್ಲಿ ಮುಗಿದು ಅಂಗಳ ಗುಡಿಸ್ತಿದ್ರು.

ದುಡ್ಡು, ನಾವು ಹೋದಾಗಿನ ಲೆಕ್ಕ, ನೇಪಾಳಿ ರೂಪಾಯಿಲಿ. ರೂಮು 300ರಿಂದ 500, ದಾಲ್ ಭಾತ್ 450-600, ಅನ್ನ ಎಷ್ಟು ಸಲ ಬೇಕಾದ್ರೂ ಹಾಕ್ತಾರೆ. ದಿನಕ್ಕೆ ತಲೆಗೆ 1,700 ನೇಪಾಳಿ ಹತ್ರ ಹತ್ರ. ನಮ್ಮ ನೂರಕ್ಕೆ ಅವರ ನೂರರವತ್ತು. ನಾವು ಹೋದಾಗ ನಮ್ಮ ನೂರರ ನೋಟಿಗಿಂತ ದೊಡ್ಡದು ತಗೋತಿರ್ಲಿಲ್ಲ, ಕಠ್ಮಂಡುಲೇ ಬದಲಾಯಿಸ್ಕೊಂಡ್ವಿ. ಡೌನ್ ಜಾಕೆಟ್ ಅಲ್ಲೇ ಥಮೆಲ್‌ನಲ್ಲಿ ಬಾಡಿಗೆ. ಜಿಲ್ಲಾ ಕೇಂದ್ರ ಸಲ್ಲೇರಿಯಿಂದ ಕಠ್ಮಂಡುಗೆ ಶೇರ್ ಜೀಪು 2,000 ನೇಪಾಳಿ ಆಸುಪಾಸು, ಬೆಳಗಿನ ಜಾವ ಹೊರಟ್ರೆ ಸಂಜೆ. ವಾಪಸ್ ಫ್ಲೈಟ್ ಸೇರಿ ಒಬ್ಬೊಬ್ಬರಿಗೆ ನಮ್ಮ ರೂಪಾಯಿಲಿ 30-31 ಸಾವಿರ, ಆ 55 ಸಾವಿರ ನೆನೆಸ್ಕೊಂಡ್ರೆ ಇನ್ನೂ ಹೊಟ್ಟೆ ಉರಿಯುತ್ತೆ.

ಧೂಳು ಕುಡಿಯೋಕಾ ಅಂದಿದ್ನಲ್ಲ, ಅದೇ ಗೆಳೆಯ ಮೊನ್ನೆ ಫೋನ್ ಮಾಡಿ ಏಪ್ರಿಲ್‌ಗೆ ಹೋಗ್ತೀನಿ, ಲಾಡ್ಜ್ ನಂಬರ್ ಕಳ್ಸೋ ಅಂದ. ಏಪ್ರಿಲ್ ಬೇಡ ಕಣೋ ಅಂದೆ. ನಂಬರ್ ಇನ್ನೂ ಕಳ್ಸಿಲ್ಲ.