ಫಿಸಿಯೋಗೆ ಸನ್ಮಾನ: ಶಾಲು ತರುವ ಮೊದಲು ರಿಜಿಸ್ಟರ್ ನೋಡಿ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಎಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ ನಡೆದರೂ ಸನ್ಮಾನ ಇದ್ದೇ ಇರುತ್ತದೆ. ರೈಡರಿಗೆ, ಕೋಚಿಗೆ, ನಿವೃತ್ತ ಪಿ.ಇ.ಟಿ. ಮಾಸ್ಟ್ರಿಗೆ. ಅಂಕಣದ ಹೊರಗೆ ಐಸ್ ಡಬ್ಬ, ಟೇಪು ಇಟ್ಟುಕೊಂಡು ಕೂತ ಫಿಸಿಯೋಗಳ ಹೆಸರು ಮಾತ್ರ ಆಮಂತ್ರಣ ಪತ್ರಿಕೆಯಲ್ಲಿ ಕಾಣುವುದಿಲ್ಲ. 1985ರಲ್ಲಿ ಶುರುವಾದ ದ್ರೋಣಾಚಾರ್ಯ ಪ್ರಶಸ್ತಿಯೂ ಕೋಚುಗಳಿಗೇ ಮೀಸಲು. ಆದ್ದರಿಂದ ಇಂಥ ಯುವ ಫಿಸಿಯೋಗಳನ್ನು ಗುರುತಿಸುವ ಕೆಲಸ ಊರಿನ ಸಂಘ, ಶಾಲೆಗಳಿಂದಲೇ ಆಗಬೇಕು.

ಮೊದಲು ಯಾರಿಗೆ ಎಂಬುದು ತೀರ್ಮಾನವಾಗಲಿ. ಅಮೆರಿಕದಲ್ಲಿ ಆಟಗಾರರ ಗಾಯ ನೋಡಿಕೊಳ್ಳುವ ಅಥ್ಲೆಟಿಕ್ ಟ್ರೈನರ್ ಎಂಬುದು ಬೇರೆಯದೇ ವೃತ್ತಿ. ಅವರ ರಾಷ್ಟ್ರೀಯ ಸಂಘ ಹುಟ್ಟಿದ್ದು 1950ರಲ್ಲಿ, ಅಲ್ಲಿನ ವೈದ್ಯಕೀಯ ಸಂಘ ಅದನ್ನು ಆರೋಗ್ಯ ವೃತ್ತಿಯೆಂದು ಒಪ್ಪಿದ್ದು 1990ರಲ್ಲಿ. ನಮ್ಮಲ್ಲಿ ಅದೇ ಕೆಲಸವನ್ನು ಹೆಚ್ಚಾಗಿ ಬಿ.ಪಿ.ಟಿ. (ಫಿಸಿಯೋಥೆರಪಿ ಪದವಿ) ಓದಿದ ಫಿಸಿಯೋಗಳು ಮಾಡುತ್ತಾರೆ. ಜಿಮ್ ಟ್ರೈನರ್ ಬೇರೆ, ಕೋಚ್ ಬೇರೆ, ಎಣ್ಣೆ ತಿಕ್ಕುವವರು ಬೇರೆ. ಪದವಿ ಪತ್ರ ಕೇಳಿ ನೋಡಿ. ಕೇಳಲು ಸಂಕೋಚ ಬೇಡ. ‘ಯುವ’ ಎಂಬುದನ್ನು ವಯಸ್ಸಿನಿಂದ ಅಳೆಯುವುದಕ್ಕಿಂತ ಪದವಿಯ ನಂತರದ ಮೊದಲ ಏಳು ವರ್ಷ ಎಂದು ನಿಯಮದಲ್ಲೇ ಬರೆದಿಡುವುದು ಒಳ್ಳೆಯದು. ಇಲ್ಲದಿದ್ದರೆ ಸಮಿತಿಯ ಮೀಟಿಂಗಿನಲ್ಲಿ ಚರ್ಚೆ ಮುಗಿಯುವುದಿಲ್ಲ.

ಇನ್ನು ಸಾಕ್ಷ್ಯ. ಈ ಕೆಲಸ ಚೆನ್ನಾಗಿ ನಡೆದರೆ ಯಾರಿಗೂ ಏನೂ ಕಾಣುವುದಿಲ್ಲ: ಮೊಣಕಾಲು ಹೋಗಲಿಲ್ಲ, ಹುಡುಗ ಕುಸಿಯಲಿಲ್ಲ, ಅಷ್ಟೆ. ಹಾಗಾಗಿ ಅವರ ಗಾಯದ ರಿಜಿಸ್ಟರ್ ಕೇಳಿ. ದಿನಾಂಕ, ಅಭ್ಯಾಸವೋ ಪಂದ್ಯವೋ, ಯಾವ ಭಾಗ, ಹೇಗಾಯಿತು, ಅಲ್ಲೇ ಏನು ಮಾಡಿದರು, ವೈದ್ಯರಿಗೆ ಕಳುಹಿಸಿದರೋ, ಅಭ್ಯಾಸಕ್ಕೆ ಮರಳಿದ ದಿನ, ಪಂದ್ಯಕ್ಕೆ ಮರಳಿದ ದಿನ, ಅದೇ ಗಾಯ ಮತ್ತೆ ಬಂತೇ: ಇಷ್ಟು ಕಾಲಂ ಇದ್ದರೆ ಸಾಕು. 200 ಪುಟದ ನೋಟ್ ಪುಸ್ತಕವಾದರೂ ಆದೀತು.

ಲೆಕ್ಕ ಹೀಗೆ. 14 ಆಟಗಾರರು, ದಿನಕ್ಕೆ 2 ಗಂಟೆ, 60 ದಿನ ಅಂದರೆ 1,680 ಗಂಟೆ. ಅದರಲ್ಲಿ 6 ಗಾಯಗಳಾಗಿದ್ದರೆ 6ನ್ನು 1,680ರಿಂದ ಭಾಗಿಸಿ 1,000ದಿಂದ ಗುಣಿಸಿ: ಸಾವಿರ ಗಂಟೆಗೆ ಸುಮಾರು 3.6. ಆದರೆ ಈ ಒಂದೇ ಸಂಖ್ಯೆ ನೋಡಿ ತೀರ್ಪು ಕೊಡಬೇಡಿ. ಪ್ರಾಮಾಣಿಕ ಫಿಸಿಯೋ ಬಂದ ಮೊದಲ ವರ್ಷ ಗಾಯ ಹೆಚ್ಚಾದಂತೆ ಕಾಣುತ್ತದೆ, ಏಕೆಂದರೆ ಮೊದಲು ಬೆರಳು ಉಳುಕಿದ್ದನ್ನು ಯಾರೂ ಬರೆದಿಡುತ್ತಿರಲಿಲ್ಲ. ಗಾಯದಿಂದ ತಪ್ಪಿದ ದಿನಗಳು ಕಡಿಮೆಯಾದವೇ, ಅದೇ ಪಾದದ ಗಂಟು ಮತ್ತೆ ಮತ್ತೆ ಉಳುಕುವುದು ನಿಂತಿತೇ ಎಂದು ನೋಡಿ. ಒಂದೇ ತಂಡದ ಲೆಕ್ಕ ಸಣ್ಣದು. ಕನಿಷ್ಠ ಎರಡು ಋತುಗಳದ್ದನ್ನು ಒಟ್ಟಿಗೆ ಓದಿ.

ಆಮೇಲೆ, ಅವರು ಎಷ್ಟು ಸಲ ‘ಬೇಡ’ ಎಂದಿದ್ದಾರೆ ಎಂಬುದು. ಅವರ ತಾಕತ್ತು ನಿಜವಾಗಿ ತಿಳಿಯುವುದು ಇಲ್ಲಿಯೇ. ತಲೆಗೆ ಪೆಟ್ಟು ಬಿದ್ದು ಕಣ್ಣು ಮಂಜಾದ ಆಟಗಾರ ಅದೇ ದಿನ ಮತ್ತೆ ಅಂಕಣಕ್ಕೆ ಇಳಿಯಬಾರದು. ಮರಳಬೇಕಾದದ್ದು ಆರು ಹಂತಗಳಲ್ಲಿ, ಒಂದೊಂದು ಹಂತಕ್ಕೆ ಕನಿಷ್ಠ 24 ಗಂಟೆ, ಮೈಗೆ ಮೈ ತಾಗುವ ಅಭ್ಯಾಸಕ್ಕೆ ಮುನ್ನ ವೈದ್ಯರ ಒಪ್ಪಿಗೆ. ಸೆಮಿಫೈನಲಿನಲ್ಲಿ ಮುಖ್ಯ ರೈಡರನ್ನು ಹೀಗೆ ಕೂರಿಸಿದ ಫಿಸಿಯೋಗೆ ಆ ರಾತ್ರಿ ಬೈಗುಳವೇ ಸಿಕ್ಕಿರುತ್ತದೆ. ಅಂಥ ನಿರ್ಧಾರ ರಿಜಿಸ್ಟರಿನಲ್ಲಿದ್ದರೆ ಗೆದ್ದ ಹತ್ತು ಕಪ್ಪಿಗಿಂತ ಹೆಚ್ಚಿನ ತೂಕ ಕೊಡಿ.

ಮೊಣಕಾಲಿನೊಳಗಿನ ಎ.ಸಿ.ಎಲ್. ಎಂಬ ಅಸ್ಥಿರಜ್ಜು ಹರಿದು ಶಸ್ತ್ರಚಿಕಿತ್ಸೆಯಾದವರ ವಿಷಯವೂ ಹಾಗೆಯೇ. ಒಂಬತ್ತು ತಿಂಗಳಿಗೆ ಮೊದಲು ಆಡಿಸಿದರೆ ಮತ್ತೆ ಹರಿಯುವ ಅಪಾಯ ಹೆಚ್ಚು. ತಿಂಗಳು ತುಂಬಿದರೂ ಸಾಲದು, ಅಳತೆಯೂ ಬೇಕು. ಶಾಲೆಯ ಜಗಲಿಯಲ್ಲಿ ಚಾಕಿನ ಗೆರೆ, ಟೈಲರ್ ಟೇಪು ಇದ್ದರೆ ಪರೀಕ್ಷೆ ಆಗುತ್ತದೆ. ಗೆರೆಗೆ ಹೆಬ್ಬೆರಳು ತಾಗಿಸಿ ನಿಂತು, ಕುಂಟೆಬಿಲ್ಲೆಯಂತೆ ಒಂಟಿ ಕಾಲಿನಲ್ಲಿ ಆದಷ್ಟು ದೂರ ಜಿಗಿದು, ಅದೇ ಕಾಲಿನಲ್ಲಿ ಅಲುಗಾಡದೆ ನಿಲ್ಲಬೇಕು, ಹಿಮ್ಮಡಿಯವರೆಗೆ ಅಳೆಯಬೇಕು. ಒಳ್ಳೆಯ ಕಾಲು 150 ಸೆಂ.ಮೀ., ಗಾಯದ ಕಾಲು 126 ಬಂದರೆ ಶೇ. 84. ಕನಿಷ್ಠ ಶೇ. 90 ಬೇಕು, ತೊಡೆಯ ಮುಂಭಾಗದ ಬಲವೂ ಅಷ್ಟೇ ಇರಬೇಕು. ಇಂಥ ಅಳತೆಗಳು ದಿನಾಂಕ ಸಹಿತ ಬರೆದಿದ್ದರೆ ಆ ಹಾಳೆಯನ್ನು ಸನ್ಮಾನಕ್ಕೆ ಹೆಸರು ಸೂಚಿಸುವ ಅರ್ಜಿಗೆ ಲಗತ್ತಿಸಿ.

ತನ್ನ ಮಿತಿ ಗೊತ್ತಿದೆಯೇ ಎಂಬುದನ್ನೂ ನೋಡಬೇಕು. ಪಾದದ ಗಂಟಿನ ಮೂಳೆಯ ಹಿಂಬದಿ ಅಂಚನ್ನು ಒತ್ತಿದಾಗ ನೋವಿದ್ದರೆ, ಅಥವಾ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್‌ರೇ ಆಗಲೇಬೇಕು. ಕಾಸರಗೋಡಿನಿಂದ ಸುಮಾರು 50 ಕಿ.ಮೀ. ದೂರದ ಮಂಗಳೂರಿಗೆ ಯಾರನ್ನು ಕಳುಹಿಸಬೇಕು, ಯಾರಿಗೆ ಇಲ್ಲೇ ಸಾಕು ಎಂದು ಸರಿಯಾಗಿ ಬೇರ್ಪಡಿಸಿದರೆ ಮನೆಯವರ ದುಡ್ಡೂ ಉಳಿಯುತ್ತದೆ. ಏಪ್ರಿಲ್ ಬಿಸಿಲಿನ ಅಭ್ಯಾಸಕ್ಕೆ ನೀರು ತುಂಬಿದ ಟಬ್ಬು, ಐಸ್ ಇಟ್ಟಿದ್ದಾರೆಯೇ ಎಂದೂ ಕೇಳಿ. ಬಿಸಿಲಿನ ಆಘಾತದಲ್ಲಿ ಮೊದಲು ಮೈ ತಣಿಸಬೇಕು, ಸಾಗಿಸುವುದು ಆಮೇಲೆ. 108 ಆಂಬುಲೆನ್ಸ್ ಯಾವ ಗೇಟಿನಿಂದ ಬರಬೇಕು, ಆ ಗೇಟಿನ ಕೀಲಿ ಯಾರ ಬಳಿ ಎಂದು ಹಾಳೆ ಬರೆದು ಅಂಟಿಸಿದವರು ಸಿಕ್ಕಿದರೆ ಮತ್ತೆ ಹುಡುಕಬೇಕಾಗಿಲ್ಲ.

ಶಿಫಾರಸು ಪತ್ರ ಮೂರು ಸಾಕು: ಗಾಯದಿಂದ ಮರಳಿದ ಆಟಗಾರ, ಒಬ್ಬರು ಹೆತ್ತವರು, ಒಬ್ಬರು ವೈದ್ಯರು. ‘ಇವರ ಬಗ್ಗೆ ಬರೆಯಿರಿ’ ಎಂದರೆ ಒಳ್ಳೆಯ ನಡತೆಯ ಸರ್ಟಿಫಿಕೇಟ್ ಬರುತ್ತದೆ. ‘ಇವರು ಇಲ್ಲದಿದ್ದರೆ ಏನಾಗುತ್ತಿತ್ತು, ಒಂದು ಘಟನೆ ಬರೆಯಿರಿ’ ಎಂದು ಕೇಳಿ. ಗಾಯಾಳುಗಳ ಹೆಸರು ಮುಚ್ಚಿ, ಬೇಕೇ ಬೇಕಿದ್ದರೆ ಒಪ್ಪಿಗೆ ಪಡೆಯಿರಿ, ಮಕ್ಕಳಾದರೆ ಹೆತ್ತವರದ್ದು. ಯಾರ ಮೊಣಕಾಲಿನ ಕತೆಯನ್ನೂ ಮೈಕಿನಲ್ಲಿ ಓದಕೂಡದು.

ಸನ್ಮಾನ ಪತ್ರ ಬರೆಯುವವರು ‘ಸರಳ ಸಜ್ಜನಿಕೆಯ, ಬಹುಮುಖ ಪ್ರತಿಭೆಯ ಧ್ರುವತಾರೆ’ಯನ್ನು ಈ ಸಲ ಬಿಟ್ಟುಬಿಡಲಿ. ‘ಎರಡು ಋತುಗಳಲ್ಲಿ 14 ಆಟಗಾರರ ಗಾಯದ ದಾಖಲೆ ಇಟ್ಟು, ಪ್ರತಿ ಅಭ್ಯಾಸಕ್ಕೂ 20 ನಿಮಿಷದ ಮೈಬಿಸಿ ವ್ಯಾಯಾಮವನ್ನು ಜಾರಿಗೆ ತಂದವರು’ ಎಂದು ಬರೆದರೆ ಮುಂದೆ ಕೆಲಸದ ಸಂದರ್ಶನದಲ್ಲೂ ತೋರಿಸಬಹುದು. ಹೆಸರಿನ ಅಕ್ಷರಗಳು ಪದವಿ ಪತ್ರದಲ್ಲಿದ್ದಂತೆಯೇ ಇರಲಿ. ಕನ್ನಡದ ಜೊತೆ ಮಲಯಾಳ ಅಥವಾ ಇಂಗ್ಲಿಷ್ ಪ್ರತಿಯೂ ಬೇಕು. ದಿನಾಂಕ, ಸೀಲು, ಸಹಿ ಮರೆಯಬೇಡಿ. ಶಾಲು, ಹಣ್ಣುಹಂಪಲಿನ ಬುಟ್ಟಿ ಇರಲಿ, ಜೊತೆಗೆ 38 ಮಿ.ಮೀ. ಸ್ಪೋರ್ಟ್ಸ್ ಟೇಪಿನ ಒಂದು ಪೆಟ್ಟಿಗೆ, ಇಷ್ಟು ವರ್ಷ ಪುಕ್ಕಟೆ ದುಡಿಸಿಕೊಂಡಿದ್ದರೆ ಒಂದು ಲಕೋಟೆಯೂ.

ಸಮಯ ಮಾತ್ರ ಸರಿಯಾಗಿ ಗೊತ್ತುಮಾಡಿ. ಪಂದ್ಯ ನಡೆಯುವಾಗ ಅವರನ್ನು ವೇದಿಕೆಗೆ ಕರೆದರೆ ಅಂಕಣದ ಬದಿ ಖಾಲಿಯಾಗುತ್ತದೆ. ಸೆಮಿಫೈನಲ್ ಮುಗಿದು ಫೈನಲ್ ಶುರುವಾಗುವ ಮೊದಲು ಹತ್ತು ನಿಮಿಷ ಇಟ್ಟುಕೊಳ್ಳಿ, ಆ ಹತ್ತು ನಿಮಿಷ ಕಿಟ್ ಹಿಡಿದು ಕೂರಲು ಇನ್ನೊಬ್ಬರನ್ನು ಮೊದಲೇ ಹೇಳಿಟ್ಟಿರಿ.